ಕೈ ಮೂಸುವ ದೊಡ್ಡಪ್ಪ

ಮೊನ್ನೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಹುಳಿ ಹುಳಿಯಾದ ಆ ಹಬೆ ಮೂಗಿಗೆ ಬಡಿದದ್ದೇ ತಡ, ನಾನು ಹಿಂದಕ್ಕೆ ಸರಿದು ತಟ್ಟೆಯಲ್ಲಿದ್ದ ಗೋಬಿಯ ಕೆಂಪನ್ನು ಗುಮಾನಿಯಿಂದ ನೋಡಿದೆ. ಅಂಥ ಕೆಂಪು ಮೆಣಸಿನಕಾಯಿಯಿಂದ ಬರುವುದಿಲ್ಲ. ಅದು ಎಂಥ ಬಣ್ಣದ ಡಬ್ಬಿಯಿಂದ ಬರುತ್ತದೆ ಎಂಬುದು ನನಗೆ ಗೊತ್ತು. ಜೊತೆಗಿದ್ದ ಕೊಟ್ರಮ್ಮನಿಗೆ, ಅಂದರೆ ನನ್ನ ದೊಡ್ಡಪ್ಪನ ಮಗಳು ಕೊಟ್ರಿಗೆ, ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವಳು ಕಡ್ಡಿಗೆ ಒಂದು ತುಂಡು ಚುಚ್ಚಿ ಬಾಯಿಗಿಟ್ಟುಕೊಂಡು, "ನೀ ನಮ್ಮಪ್ಪನಂಗ ಆಗಿ ನೋಡು. ತಿನ್ನೋದ್ರಾಗೂ ಅನುಮಾನ" ಎಂದು ನಕ್ಕಳು.

ಅನುಮಾನಂ ಪೆದ್ದರೋಗಂ ಎಂದು ನಮ್ಮ ಕಡೆ ಹೇಳುತ್ತಾರೆ. ಆ ರೋಗ ನನಗೆ ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕೋಗಳಿ ಕಡೆಯ ನಮ್ಮ ಹಳ್ಳಿಯಿಂದ ಪಿಯುಸಿ ಓದಲೆಂದು ಕೊಟ್ಟೂರಿಗೆ ಬಂದು ದೊಡ್ಡಪ್ಪನ ಮನೆಯಲ್ಲಿ ಇಳಿದುಕೊಂಡಿದ್ದೆ. ವಿಜ್ಞಾನ ತೆಗೆದುಕೊಂಡಿದ್ದೆ ಎನ್ನುವುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ರಸಾಯನಶಾಸ್ತ್ರದ ಅಂಕ ಎಷ್ಟೆಂದು ಮಾತ್ರ ನೀವು ಕೇಳಬಾರದು.

ಮನೆಯ ಹಿತ್ತಲಿಗೆ ಹೊಂದಿಕೊಂಡು ದೊಡ್ಡಪ್ಪನ ತಗಡಿನ ಶೆಡ್ಡು ಇತ್ತು. ಅಲ್ಲಿ ಅಕ್ರಿಲಿಕ್ ನೂಲಿಗೆ ಬಣ್ಣ ಹಾಕುವ ಕೆಲಸ. ಮಫ್ಲರು, ಶಾಲು, ಎತ್ತುಗಳ ಕೊರಳಿಗೆ ಕಟ್ಟುವ ಗೊಂಡೆ, ಇವಕ್ಕೆ ಬೇಕಾದ ನೂಲನ್ನು ಬಣ್ಣ ಹಾಕಿ ಒಣಗಿಸಿ ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ವ್ಯಾಪಾರಿಗಳಿಗೆ ಕಳಿಸುತ್ತಿದ್ದರು. ಅದಕ್ಕೆ ಹಾಕುವ ಪುಡಿ ಹರಪನಹಳ್ಳಿಯಿಂದ ಡಬ್ಬಿಗಳಲ್ಲಿ ಬರುತ್ತಿತ್ತು. ಡಬ್ಬಿಯ ಮೇಲೆ ‘ಕ್ಯಾಟಯಾನಿಕ್’ ಎಂದು ಬರೆದಿರುತ್ತಿತ್ತು. ಒಂದು ಚಿಟಿಕೆ ಬಿದ್ದರೆ ಒಂದು ಹಂಡೆ ನೀರು ಕಡುಗುಲಾಬಿಯ ರಾಣಿ ಬಣ್ಣಕ್ಕೆ ತಿರುಗುತ್ತಿತ್ತು. ಪುಡಿಯನ್ನು ಹುಳಿ ವಾಸನೆಯ ಅಸಿಟಿಕ್ ಆಸಿಡ್ಡಿನಲ್ಲಿ ಕಲೆಸಿ, ಬಿಸಿ ನೀರಿನಲ್ಲಿ ಕರಗಿಸಿ, ಹಂಡೆಗೆ ಸುರಿಯಬೇಕು.

ದೊಡ್ಡಪ್ಪ ಹುಟ್ಟಿನಿಂದ ಅನುಮಾನದ ಮನುಷ್ಯ ಅಲ್ಲವಂತೆ. ಅವರು ಮೊದಲು ಕೂಡ್ಲಿಗಿ ಕಡೆಯಿಂದ ಕಂಬಳಿ ತಂದು ಮಾರುತ್ತಿದ್ದರು. ಕರಿ ಕುರಿಯ ಉಣ್ಣೆ, ಕರಿ ಕಂಬಳಿ. ಅದರಲ್ಲಿ ಅನುಮಾನಿಸಲು ಏನಿದೆ? "ಕುರಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದರು. ಮಿಲ್ಲಿನ ರಗ್ಗುಗಳು ಬಂದು ಕಂಬಳಿಯನ್ನು ಕೇಳುವವರು ಕಡಿಮೆಯಾದಾಗ ಬಣ್ಣಕ್ಕೆ ಇಳಿದರು. ಅನುಮಾನ ಆ ಮನೆಯೊಳಗೆ ಬಂದದ್ದು ಡಬ್ಬಿಯಲ್ಲಿ ಎಂದು ನನ್ನ ದೊಡ್ಡಮ್ಮ ಹೇಳುತ್ತಿದ್ದರು.

ಅಕ್ರಿಲಿಕ್ ನೂಲಿನ ಸ್ವಭಾವವೂ ಅನುಮಾನ ಹುಟ್ಟಿಸುವಂಥದ್ದೇ. ಹಂಡೆಯ ಬಿಸಿ ನೀರಿನಲ್ಲಿ ಮೊದಮೊದಲು ಅದು ಏನೂ ಅರಿಯದ ಹಾಗೆ ಮಲಗಿರುತ್ತದೆ. ನೀರು ಇನ್ನೇನು ಕುದಿಯಬೇಕು ಎನ್ನುವಾಗ ಒಮ್ಮೆಲೇ ಬಣ್ಣವನ್ನೆಲ್ಲ ಎಳೆದುಕೊಳ್ಳುತ್ತದೆ. ಆಗ ಬೆಂಕಿ ಸ್ವಲ್ಪ ಜಾಸ್ತಿಯಾದರೂ ನೂಲು ಒಂದು ಕಡೆ ಕಡುವಾಗಿ, ಇನ್ನೊಂದು ಕಡೆ ತಿಳಿಯಾಗಿ ಕೆಡುತ್ತದೆ. ಒಲೆಯ ಮುಂದೆ ಕೂತು ಕಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ದೊಡ್ಡಪ್ಪ, "ಸುಮ್ನ ಇರೋದನ್ನ ನಂಬಬಾರ್ದು ನೋಡು" ಎನ್ನುತ್ತಿದ್ದರು. ನೂಲಿಗೆ ಹೇಳುತ್ತಿದ್ದರೋ ನನಗೆ ಹೇಳುತ್ತಿದ್ದರೋ ತಿಳಿಯುತ್ತಿರಲಿಲ್ಲ. ನಾನು ಆ ಮನೆಯಲ್ಲಿ ಸ್ವಲ್ಪ ಸುಮ್ಮನೆಯೇ ಇರುತ್ತಿದ್ದೆ.

ಅವರು ತೂಕದ ಕಲ್ಲನ್ನು ಅನುಮಾನಿಸುತ್ತಿದ್ದರು, ಮೋಡವನ್ನು ಅನುಮಾನಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅನುಮಾನಿಸುತ್ತಿದ್ದದ್ದು ಸೋಪನ್ನು. ಶೆಡ್ಡು ಶುರುಮಾಡಿದ ಹೊಸತರಲ್ಲಿ ಯಾರೋ ಕೆಲಸಗಾರ ಸೋಪಿನ ಕೈಯನ್ನೇ ಬಣ್ಣದ ನೀರಿಗೆ ಅದ್ದಿಬಿಟ್ಟಿದ್ದನಂತೆ. ಬಣ್ಣವೆಲ್ಲ ಹಾಲು ಒಡೆದ ಹಾಗೆ ಒಡೆದು, ಜಿಗುಟು ಚುಕ್ಕೆಗಳಾಗಿ ನೂಲಿಗೆ ಅಂಟಿತಂತೆ. ಇದರ ಕಾರಣ ನಮ್ಮ ಪಠ್ಯದಲ್ಲೇ ಇತ್ತು. ಈ ಬಣ್ಣದ್ದು ಧನ ವಿದ್ಯುದಾವೇಶ, ಸೋಪಿನದು ಋಣ. ಎರಡೂ ಒಂದನ್ನೊಂದು ತಬ್ಬಿಕೊಂಡು ನೂಲನ್ನು ಮರೆತುಬಿಡುತ್ತವೆ. ನಾನು ಇದನ್ನು ಬಾಯಿಪಾಠ ಮಾಡಿದ್ದೆ, ಅಷ್ಟೆ.

ಅಂದಿನಿಂದ ಆ ಮನೆಗೆ ಸೋಪು ಬರಲಿಲ್ಲ. ಸ್ನಾನಕ್ಕೆ ಸೀಗೆಕಾಯಿ, ಕಡಲೆ ಹಿಟ್ಟು. ಪಾತ್ರೆಗೆ ಬೂದಿ. ಬೆಳಿಗ್ಗೆ ಕೆಲಸಗಾರರು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ನಿಂತು ಕೈ ಚಾಚಬೇಕು. ದೊಡ್ಡಪ್ಪ ಒಬ್ಬೊಬ್ಬರ ಅಂಗೈಯನ್ನೂ ಮೂಸಿ ಒಳಗೆ ಬಿಡುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತವಳೇ. ಮನೆಗೆ ಬಂದ ನೆಂಟರಿಗೂ ಬಿಡುಗಡೆ ಇರಲಿಲ್ಲ. ಒಮ್ಮೆ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಶೆಡ್ಡು ನೋಡಲು ಬಂದರು. ದೊಡ್ಡಪ್ಪ ಅವರ ಎರಡೂ ಕೈಗಳನ್ನು ಹಿಡಿದು ಬಾಗಿ ಮೂಗಿನವರೆಗೆ ತಂದುಕೊಂಡರು. ಮೇಷ್ಟ್ರು ಕಣ್ಣು ತುಂಬಿಕೊಂಡು, "ಇಂಥ ವಿನಯ ಈಗ ಎಲ್ಲಿ ಸಿಗ್ತದೆ?" ಎಂದು ಮರುದಿನ ತರಗತಿಯಲ್ಲಿ ನಮಗೆಲ್ಲ ಹೇಳಿದರು. ಇದನ್ನು ಓದುತ್ತಿರುವ ನೀವೂ ಈಗ ನಿಮ್ಮ ಕೈ ಮೂಸಿಕೊಂಡಿರಿ ಎಂದು ನನಗೊಂದು ಗುಮಾನಿ.

ಆ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುತ್ತಿದ್ದವಳು ಕೊಟ್ರಿ ಒಬ್ಬಳೇ. ಪುಡಿ ಕಲೆಸುವುದು ಅವಳ ಕೆಲಸ. ಅಪ್ಪ ಮಗಳು ಒಲೆಯ ಮುಂದೆ ಅಕ್ಕಪಕ್ಕ ಕೂತು, ಮಾತೇ ಇಲ್ಲದೆ, ಕಣ್ಸನ್ನೆಯಲ್ಲೇ ಹಂಡೆಯನ್ನು ನಡೆಸುತ್ತಿದ್ದರು. ಒಬ್ಬ ಕೆಲಸದವಳು ಒಮ್ಮೆ ಬಾಯಿಬಿಟ್ಟು ಕೇಳಿದಳು: "ನಮ್ದಷ್ಟ ಮೂಸ್ತೀರಿ, ಮಗಳದು ಯಾಕ ಮೂಸಂಗಿಲ್ಲರಿ?" ದೊಡ್ಡಪ್ಪ ಕೇಳಬಾರದ್ದನ್ನು ಕೇಳಿದವರಂತೆ ಅವಳನ್ನು ನೋಡಿದರು. "ನನ್ನ ಕೈನ ನಾನ ಮೂಸಿಕೊಳ್ಳಲೇನು?" ಎಂದರು. ಕೊಟ್ರಿ ತಲೆ ಬಗ್ಗಿಸಿ ಪುಡಿ ಕಲೆಸುತ್ತಿದ್ದಳು. ಅವಳ ಮುಖದಲ್ಲಿದ್ದ ಸಂತೋಷ ನನಗೆ ಹೊಟ್ಟೆಕಿಚ್ಚಾಗುವಷ್ಟಿತ್ತು.

ಕೊಟ್ರಿಗೆ ಗಂಡು ಗೊತ್ತಾಯಿತು. ನಮಗೆ ಬಣ್ಣ ತಂದುಕೊಡುತ್ತಿದ್ದ ಹರಪನಹಳ್ಳಿಯ ಚನ್ನಬಸಣ್ಣನ ತಮ್ಮ ವೀರೇಶ. ಹುಡುಗ ನೋಡಲು ಬಂದ ದಿನ ಕೊಟ್ರಿ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೇ ಕೂತಿದ್ದಳು. ಆ ಬಣ್ಣ ಚರ್ಮವನ್ನು ಬಿಡುವುದಿಲ್ಲ. ಅವಳ ಉಗುರುಗಳು ಸದಾ ರಾಣಿ ಬಣ್ಣ, ಬೆರಳ ಸಂದು ಹಸಿರು. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಕೈ ಹೊರಗೆ ಬರಲೇಬೇಕಾಯಿತು. ಹುಡುಗ ಅದನ್ನು ನೋಡಿ ಸುಮ್ಮನೆ ಮುಗುಳ್ನಕ್ಕ. ಅವನನ್ನೇ ಮಾಡಿಕೊಳ್ಳುತ್ತೇನೆ ಎಂದು ಕೊಟ್ರಿ ಆಗಲೇ ತೀರ್ಮಾನಿಸಿಬಿಟ್ಟಳು. ಒಂದು ಸಂಜೆ ಅವಳ ಜಡೆ ಹಾಕುತ್ತಿದ್ದಾಗ ಘಮ್ಮೆಂದು ಮಲ್ಲಿಗೆಯ ವಾಸನೆ ಬಂತು. ಹೂವು ಮುಡಿದಿರಲಿಲ್ಲ.

"ಏನಲೇ ಇದು?" ಎಂದೆ.

"ಸೋಪು. ಅವರು ಕಳಿಸ್ಯಾರ" ಎಂದಳು ಮೆಲ್ಲಗೆ. "ಬಣ್ಣದ ಡಬ್ಬಿ ಬರೋ ಕಟ್ಟಿಗಿ ಖೋಕಾದಾಗ, ಭತ್ತದ ಹೊಟ್ಟಿನ ನಡಕ ಇತ್ತು. ಮದುವಿ ಹೊತ್ತಿಗೆ ಕೈ ಬೆಳ್ಳಗಾಗ್ಲಿ ಅಂತ. ಯಾರ ಮುಂದೂ ಅನಬ್ಯಾಡ."

ಊರಿನ ಅಷ್ಟೂ ಕೈಗಳನ್ನು ಮೂಸುವ ಮನುಷ್ಯನ ಮೂಗಿನ ಕೆಳಗೆ, ಬಣ್ಣದ ಖೋಕಾದಲ್ಲೇ ಸೋಪು ಒಳಗೆ ಬಂದಿತ್ತು! ನನಗೆ ನಗು ತಡೆಯಲಾಗಲಿಲ್ಲ. ನಗುವುದೊಂದನ್ನು ಬಿಟ್ಟು ಬೇರೇನೂ ನನ್ನ ವಿಜ್ಞಾನದ ತಲೆಗೆ ಹೊಳೆಯಲಿಲ್ಲ.

ಆಮೇಲೆ ಬಣ್ಣ ಕೆಡಲು ಶುರುವಾಯಿತು. ಮೊದಲು ರಾಣಿ, ಆಮೇಲೆ ನೀಲಿ, ಕೊನೆಗೆ ಹಡಗಲಿಯ ವ್ಯಾಪಾರಿಗೆ ಹೋಗಬೇಕಿದ್ದ ಹಸಿರು. ನೂಲಿನ ತುಂಬ ಸಿಡುಬಿನಂಥ ಚುಕ್ಕೆ. ದೊಡ್ಡಪ್ಪ ಕೆಲಸಗಾರರ ಕೈಗಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂಸಿದರು. ಬಾವಿಯ ನೀರನ್ನು ನೆಕ್ಕಿ ನೋಡಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ. ಕಡೆಗೆ ಅವರ ಅನುಮಾನ ಹರಪನಹಳ್ಳಿಗೆ ಹೋಗಿ ನಿಂತಿತು. ಪುಡಿಯಲ್ಲೇ ಕಲಬೆರಕೆ ಇದೆ ಎಂದು ಚನ್ನಬಸಣ್ಣನಿಗೆ ಹೇಳಿಕಳಿಸಿದರು.

ಚನ್ನಬಸಣ್ಣ ಬಂದ. ಅವನನ್ನು ಶೆಡ್ಡಿನ ಎದುರು ಕೂರಿಸಿ ದೊಡ್ಡಪ್ಪ ತಮ್ಮ ಪರೀಕ್ಷೆಗೆ ಸಿದ್ಧರಾದರು. ಹಲಗೆಯ ಮೇಲೆ ಬಿಳಿ ಬಟ್ಟೆಯನ್ನು ಒದ್ದೆಮಾಡಿ ಹಾಸಿ, ಕಾಗದದ ಮೇಲಿನ ಒಂದು ಚಿಟಿಕೆ ಪುಡಿಯನ್ನು ಅದರ ಮೇಲೆ ಉಫ್ ಎಂದು ಊದಬೇಕು. ಒಂದೊಂದು ಕಣವೂ ಬಿದ್ದಲ್ಲಿ ಅರಳುತ್ತದೆ. ಎರಡು ಬಣ್ಣ ಬೆರೆಸಿದ್ದರೆ ಚುಕ್ಕೆಗಳು ಬೇರೆ ಬೇರೆಯಾಗಿ ಕಂಡು ಕಳ್ಳ ಸಿಕ್ಕಿಬೀಳುತ್ತಾನೆ. ದೊಡ್ಡಪ್ಪ ಊದಿದರು. ಚುಕ್ಕೆಗಳೆಲ್ಲ ಒಂದೇ ಹಸಿರು.

"ನೋಡ್ರಿ, ಒಂದ ಬಣ್ಣ ಐತಿ" ಎಂದ ಚನ್ನಬಸಣ್ಣ.

"ಹಂಗಾರ ಬಣ್ಣ ಇಲ್ಲದ್ದು ಏನೋ ಕೂಡಿಸಿರ್ತೀರಿ. ಅದು ಬಟ್ಟಿ ಮ್ಯಾಲ ಕಾಣಂಗಿಲ್ಲ."

"ಬೀಗರ ಆಗೋರು ಅದೀರಿ, ಮಾತು ನೋಡಿ ಆಡ್ರಿ."

"ಅದಕ್ಕ ಆಡಾಕ ಹತ್ತೀನಿ. ಪುಡಿಯಾಗ ಮೋಸ ಮಾಡೋ ಮನಿಗೆ ಹೆಣ್ಣು ಹೆಂಗ ಕೊಡ್ಲಿ? ಇಲ್ಲಿಗೆ ಬಿಡ್ರಿ ಈ ಸಂಬಂಧ."

ಚನ್ನಬಸಣ್ಣ ಎದ್ದು ಚಪ್ಪಲಿ ಮೆಟ್ಟಿದ. ಅವನ ಮುಖ ಅವಮಾನದಿಂದ ಕಪ್ಪಿಟ್ಟಿತ್ತು. ಆಗ ಶೆಡ್ಡಿನೊಳಗಿಂದ ಕೊಟ್ರಿ ಹೊರಗೆ ಬಂದಳು. ಬಂದವಳು ಅಪ್ಪನ ಮುಂದೆ ನಿಂತು ಎರಡೂ ಕೈ ಚಾಚಿದಳು.

"ಅಪ್ಪಾ, ನನ್ನ ಕೈ ಮೂಸು."

ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. "ನಿನ್ನ ಕೈ ಯಾಕಬೇ?" ಎಂದರು.

"ಮೂಸು."

ಅವರು ಬಾಗಿದರು. ಬಾಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ಮಗಳ ಮುಖ ನೋಡದೆ ಚನ್ನಬಸಣ್ಣನ ಕಡೆ ತಿರುಗಿದರು. "ಕುಂದರ್ರಿ ಬೀಗರ. ನಿಮ್ಮ ಬಣ್ಣ ಚೊಲೋ ಐತಿ. ದೋಷ ನಮ್ಮ ನೀರಿನಾಗ ಇತ್ತು" ಎಂದರು. ಚನ್ನಬಸಣ್ಣ ಬಣ್ಣದ ವ್ಯಾಪಾರಿ, ದಡ್ಡನಲ್ಲ. ಒಮ್ಮೆ ಆ ಕೈಗಳನ್ನು, ಒಮ್ಮೆ ದೊಡ್ಡಪ್ಪನನ್ನು ನೋಡಿ ಚಪ್ಪಲಿ ಬಿಟ್ಟು ಕೂತ. "ಚಾ ತರಾಕ ಹೇಳ್ರಿ ಹಂಗಾರ" ಎಂದ. ಹೀಗೆ ಮದುವೆ ಉಳಿಯಿತು.

ಆಮೇಲೆ ಕೊಟ್ರಿ ನನಗೆ ಹೇಳಿದಳು. ಬಚ್ಚಲಲ್ಲಿ ತೊಳೆದರೆ ಅವ್ವನಿಗೆ ವಾಸನೆ ಬರುತ್ತದೆಂದು ಹೆದರಿ, ಕೆಲಸ ಮುಗಿದ ಮೇಲೆ ಪುಡಿ ಕಲೆಸುವ ಬೋಗುಣಿಯಲ್ಲೇ ದಿನಾ ಕೈ ಉಜ್ಜುತ್ತಿದ್ದಳಂತೆ. ಶೆಡ್ಡಿನಲ್ಲಾದರೆ ಆಸಿಡ್ಡಿನ ಹುಳಿ ನಾತದಲ್ಲಿ ಮಲ್ಲಿಗೆ ಮುಚ್ಚಿಹೋಗುತ್ತಿತ್ತು. ನೀರು ಚೆಲ್ಲಿದರೂ ಸೋಪಿನ ಪಸೆ ಅಂಟಿಕೊಂಡೇ ಇರುತ್ತಿತ್ತು. ಚುಕ್ಕೆ ಎದ್ದಾಗಲೂ ಇಷ್ಟರಿಂದ ಆಗಲಿಕ್ಕಿಲ್ಲ ಎಂದೇ ತನ್ನನ್ನು ತಾನು ನಂಬಿಸಿಕೊಂಡಿದ್ದಳಂತೆ.

ದೊಡ್ಡಪ್ಪ ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರು ಬೈಯಲಿಲ್ಲ. ಸೋಪು ಎಲ್ಲಿಂದ ಬಂತು, ಯಾರು ಕೊಟ್ಟರು, ಒಂದನ್ನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಬೋಗುಣಿಯನ್ನು ಬೂದಿ ಹಾಕಿ ತಾವೇ ತಿಕ್ಕಿ, ಪುಡಿಯನ್ನು ತಾವೇ ಕಲೆಸಲು ಕೂತರು. ಕೊಟ್ರಿ ಯಾವತ್ತಿನ ಹಾಗೆ ಒಳಗೆ ಹೋಗಲು ಹೊರಟಳು, ಬಾಗಿಲಲ್ಲಿ ನಿಂತಳು, ತಿರುಗಿ ಬಂದು ಕೆಲಸಗಾರರ ಸಾಲಿನ ಕೊನೆಯಲ್ಲಿ ನನ್ನ ಹಿಂದೆ ನಿಂತಳು. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ನನ್ನ ಕೈ ಮೂಸಿದರು, ಆಮೇಲೆ ಅವಳದನ್ನೂ ಮೂಸಿದರು. ಮದುವೆಯ ಹಿಂದಿನ ವಾರದವರೆಗೂ ಹೀಗೆಯೇ ನಡೆಯಿತು.

ಮದುವೆಯ ದಿನವೂ ಅವಳ ಉಗುರುಗಳು ರಾಣಿ ಬಣ್ಣದಲ್ಲೇ ಇದ್ದವು. ಗಂಡಿನ ಕಡೆಯ ಹೆಂಗಸರು, "ಏನವಾ, ಮದುಮಗಳ ಕೈ ಹಿಂಗ್ಯಾಕ?" ಎಂದು ಮೂಗು ಮುರಿದರು. ಕಡಲೆ ಹಿಟ್ಟಾದರೂ ಹಚ್ಚಿ ತಿಕ್ಕೋಣ ಬಾ ಎಂದು ನಾನು ಎಷ್ಟು ಕರೆದರೂ ಅವಳು ಬಂದಿರಲಿಲ್ಲ. ಧಾರೆ ಎರೆಯುವಾಗ ದೊಡ್ಡಪ್ಪ ಅವಳ ಕೈಗಳನ್ನು ಎತ್ತಿ ಮುಖಕ್ಕೆ ಒತ್ತಿಕೊಂಡರು. ಅವರ ಹೆಗಲು ನಡುಗುತ್ತಿತ್ತು. ಚಪ್ಪರದ ತುಂಬ ಹೆಂಗಸರು ಕಣ್ಣೊರೆಸಿಕೊಂಡರು, ನಾನೂ ಅತ್ತೆ. ಯಾರನ್ನೂ ನಂಬದ ಮನುಷ್ಯ ಮಗಳನ್ನು ಕಳಿಸುವಾಗ ಮಗುವಿನ ಹಾಗೆ ಅತ್ತರು ಎಂದು, ದೊಡ್ಡಪ್ಪ ತೀರಿಕೊಂಡ ಮೇಲೂ ಸಿಕ್ಕವರಿಗೆಲ್ಲ ಈ ಕತೆ ಹೇಳುತ್ತ ಬಂದಿದ್ದೇನೆ.

ಮೊನ್ನೆ ಕೊಟ್ಟೂರಿನ ಬಸ್ಸಿಗೆ ಕಾಯುತ್ತಿದ್ದಾಗ ಕೊಟ್ರಿಗೂ ಅದನ್ನೇ ಹೇಳಿದೆ. ಅವಳು ಕೈಯಲ್ಲಿದ್ದ ಗೋಬಿ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಅಪ್ಪ ಮೊದ್ಲ ಅಳಲಿಲ್ಲಲೇ" ಎಂದಳು. "ಮೊದ್ಲ ಮೂಸಿದ. ಉಸಿರು ಒಳಗ ಎಳಕೊಂಡಿದ್ದು ನನ್ನ ಅಂಗೈಗೆ ತಾಗ್ತು."

"ಥೂ! ಧಾರಿ ಎರಿಯೋ ಹೊತ್ತಿನಾಗೇನ?" ಎಂದೆ. ನಿಜಕ್ಕೂ ಸಿಟ್ಟು ಬಂದಿತ್ತು.

"ಮೂಸ್ತಾನ ಅಂತ ನನಗ ಗೊತ್ತಿತ್ತು. ಅದಕ್ಕ ಅವತ್ತಿನಿಂದ ಕೈಗೆ ಏನೂ ಹಚ್ಚಲಿಲ್ಲ ನಾನು. ಉಗುರು ಹೆಂಗ ಅದಾವೋ ಹಂಗ ಇರ್ಲಿ, ಮಂದಿ ಏನರ ಅನ್ಲಿ ಅಂತ ಬಿಟ್ಟೆ. ಹೋಗೋ ದಿನನಾರ ಅವಗ ಏನೂ ಸಿಗಬಾರ್ದು ಅನಸ್ತು." ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಏನೂ ಸಿಗಲಿಲ್ಲ ನೋಡು. ಆಮ್ಯಾಲ ಅತ್ತ."

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ನನಗೆ ಅವಳು ಹೊರಗಿನಿಂದ ಕೈ ಮೇಲೆತ್ತಿ ತೋರಿಸಿದಳು. ಈಗ ಆ ಕೈ ಎಲ್ಲರ ಕೈಯಂತೆಯೇ ಇದೆ, ಬಣ್ಣದ ಗುರುತೂ ಇಲ್ಲ. ಇಷ್ಟು ವರ್ಷ ದೊಡ್ಡಪ್ಪನ ಕತೆಯನ್ನು ನಾಲ್ಕು ಜನರನ್ನು ನಗಿಸಲೆಂದೇ ಹೇಳುತ್ತಿದ್ದೆ, ಕೊನೆಯಲ್ಲಿ ಅಷ್ಟಿಷ್ಟು ಅಳಿಸುತ್ತಲೂ ಇದ್ದೆ. ಇನ್ನು ಮೇಲೆ ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ. ಅವಳು ಯಾರೂ ಹೇಳದೆ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತಾಗ, ನಾನು ಒಮ್ಮೆ ತಿರುಗಿ ಅವಳ ಮುಖವನ್ನೂ ನೋಡಿರಲಿಲ್ಲ.