ಅಪ್ಪ ಆರಿಸಿದ ಲ್ಯಾಪ್‌ಟಾಪ್

ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕ ವಾರದಲ್ಲೇ ಕಾಲೇಜಿನವರು ಒಂದು ಹಾಳೆ ಕೊಟ್ಟರು. ವಿದ್ಯಾರ್ಥಿಯ ಬಳಿ ಲ್ಯಾಪ್‌ಟಾಪ್ ಇರತಕ್ಕದ್ದು, ಅದು ಹಗುರವಾಗಿರತಕ್ಕದ್ದು, ಬ್ಯಾಟರಿ ಇಡೀ ದಿನ ತಾಳತಕ್ಕದ್ದು. ಪ್ರಿನ್ಸಿಪಾಲರು ಅದನ್ನು ಓದಿ ಹೇಳಿದ ಬಗೆಯನ್ನು ನಾನು ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಅವ್ವನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದು ‘ತಕ್ಕದ್ದು’ವಿಗೆ ಒಂದೊಂದು ಕೆಮ್ಮು ಹಾಕಿ ತೋರಿಸಿದೆ. ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಹಾಳೆ ಇಸಿದುಕೊಂಡು ಎರಡು ಸಲ ಓದಿದ.

“ಎಲ್ಲಾ ಬರದಾರ. ಕೀ ಹೆಂಗಿರಬೇಕಂತ ಒಂದ್ ಮಾತೂ ಬರದಿಲ್ಲ. ಕೈಗೆ ಹತ್ತೋದು ಕೀ ಅಲ್ಲೇನು?”

ಅಪ್ಪ ಕಲಬುರಗಿಯ ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂಡುವ ಟೈಪಿಸ್ಟ್. ದಿನಾ ಬೆಳಗಿನ ಬಸ್ಸಿಗೆ ಹೋಗಿ ಅರ್ಜಿ, ಅಫಿಡವಿಟ್ಟು ಹೊಡೆದು ಸಂಜೆಗೆ ಮರಳುತ್ತಿದ್ದ. ಅಫಿಡವಿಟ್ಟಿನಲ್ಲಿ ಒಂದು ಅಕ್ಷರ ತಪ್ಪಿ ತಿದ್ದಿದರೂ, ತಿದ್ದಿದ ಜಾಗದ ಪಕ್ಕದಲ್ಲಿ ಬರೆಸಿದವರು ಮತ್ತೊಂದು ಸಹಿ ಹಾಕಬೇಕು. ಸಹಿ ಬಾರದವರು ಮತ್ತೊಂದು ಹೆಬ್ಬೆಟ್ಟು ಒತ್ತಬೇಕು. ಕೆಲವು ಮೇಜುಗಳಿಂದ ಎದ್ದ ಹಾಳೆಗಳು ಹೆಬ್ಬೆಟ್ಟಿನ ಗುರುತು ತುಂಬಿ, ಕೋಳಿ ಓಡಾಡಿದ ಅಂಗಳದಂತೆ ಕಾಣುತ್ತಿದ್ದವು. ಅಪ್ಪನ ಹಾಳೆಯಲ್ಲಿ ಕಟ್ಟಕಡೆಗೆ ಒಂದೇ ಒಂದು. ಅಷ್ಟಕ್ಕಾಗಿ ಹಳ್ಳಿಯ ಜನ ಬೇರೆ ಮೇಜು ದಾಟಿ ಬಂದು ಅವನ ಮುಂದೆ ಕಾದು ಕೂಡುತ್ತಿದ್ದರು.

ಈಗ ಕಾಲ ತಿರುಗಿತ್ತು. ವಕೀಲರು ಹಾಳೆ ಕೇಳುವುದನ್ನು ಬಿಟ್ಟು, ಮೊಬೈಲಿಗೆ ಕಳಿಸು ಅನ್ನಲು ಶುರು ಮಾಡಿದ್ದರು. ಟೈಪ್‌ರೈಟರಿನಿಂದ ಮೊಬೈಲಿಗೆ ಕಳಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಸುತ್ತಲಿನ ಮೇಜುಗಳಿಗೆಲ್ಲ ಕಂಪ್ಯೂಟರು ಬಂದಿತ್ತು. ನನ್ನ ಲ್ಯಾಪ್‌ಟಾಪ್ ಅಂದರೆ ಅಪ್ಪನಿಗೆ ನನ್ನದಷ್ಟೇ ಆಗಿರಲಿಲ್ಲ, ಅದನ್ನು ಅವನು ಮುಚ್ಚಿಡಲೂ ಇಲ್ಲ.

“ನಿನ್ನ ಕ್ಲಾಸ್ ಒಂದಕ್ಕ ಬಿಡ್ತದ. ಅಲ್ಲೀತನಕ ಮಷೀನ್ ನಿಂದು, ಅಲ್ಲಿಂದ ಐದರತನಕ ನಂದು. ಇಷ್ಟ್ ಆದ್ರ ನಾ ಇನ್ನೂ ಹತ್ತ್ ವರ್ಷ ಆ ಮೇಜಿಗೆ ಕೂಡ್ತೀನಿ.”

ಆಗದಿದ್ದರೆ ಆ ಮೇಜು ಎತ್ತಬೇಕಾಗುತ್ತಿತ್ತು.

ನನ್ನ ವಿಷಯ ಒಂದಿಷ್ಟು ಹೇಳಬೇಕು. ನನಗೆ ಸೀಟು ಸಿಕ್ಕಾಗ ನೆಂಟರೆಲ್ಲ, ಇವನಿಗೆ ಬಾಯಿ ಅದ, ವಕೀಲಿ ಸರಿ ಹೊಂದ್ತದ ಎಂದಿದ್ದರು. ಬಾಯಿ ಇತ್ತು, ಖರೆ. ಅದರೊಳಗೆ ನನ್ನದು ಅನ್ನುವ ದನಿ ಮಾತ್ರ ಇರಲಿಲ್ಲ. ಕಂಡಕ್ಟರ್, ಕಾಲೇಜಿನ ಗುಮಾಸ್ತ, ಊರಿನ ಅತ್ತೆಯಂದಿರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಅವರಲ್ಲಿ ಅತಿ ಹೆಚ್ಚು ಚಪ್ಪಾಳೆ ತಂದುಕೊಟ್ಟ ಬಾಡಿಗೆದಾರ ಅಪ್ಪ.

ಲ್ಯಾಪ್‌ಟಾಪ್ ನೋಡಲು ಅಪ್ಪನೂ ನಾನೂ ಮೊದಲು ಹೋದದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ದೊಡ್ಡ ಅಂಗಡಿಗೆ. ಅಲ್ಲಿನ ಹುಡುಗಿ ಒಂದೇ ಉಸಿರಿನಲ್ಲಿ ಮೆಮೊರಿ, ಪರದೆ, ತೂಕ ಎಲ್ಲ ಒಪ್ಪಿಸಿದಳು. ಅಪ್ಪ ಕುರ್ಚಿ ಕೇಳಿದ. ನಿಂತು ಟೈಪ್ ಮಾಡುವುದು ಅವನ ಲೆಕ್ಕದಲ್ಲಿ ನಿಂತು ಊಟ ಮಾಡಿದ ಹಾಗೆ. ಕುರ್ಚಿ ಬಂತು. ತೋಳು ಮಡಿಚಿ, ಎಂಟೂ ಬೆರಳು ನಡುಸಾಲಿನ ಮೇಲಿಟ್ಟು, ಟೈಪಿಂಗ್ ಕಲಿಯುವವರು ಮೊದಲ ದಿನ ಹೊಡೆಯುವ ಪಾಠವನ್ನೇ ಹೊಡೆದ. ಎ, ಎಸ್, ಡಿ, ಎಫ್.

ಪರದೆಯ ಮೇಲೆ ಎ ಒಂದೇ ಬೀಳಲಿಲ್ಲ. ಒಂದರ ಹಿಂದೆ ಒಂದು, ಇರುವೆ ಸಾಲಿನಂತೆ ಅರ್ಧ ಗೆರೆಯವರೆಗೆ ಹೋಯಿತು. ಎಸ್ ಕೂಡ ಹಾಗೇ.

“ಕೀ ಸಡಲ್ ಅದ ಇದು,” ಅಂದ ಅಪ್ಪ. “ಬ್ಯಾರೆ ತೋರಸ್ರಿ.”

ಬೇರೆ ತೋರಿಸಿದಳು. ಅದೂ ಸಡಿಲ. ಐದನೆಯದೂ ಸಡಿಲ. ಮುಟ್ಟಿ ಬಿಟ್ಟುಬಿಡಿ, ಒತ್ತಿ ಹಿಡಿಯಬೇಡಿ ಎಂದು ಅವಳು ಮೆತ್ತಗೆ ಹೇಳಿದಳು. ನಾನು ಹಿಡಿದೇ ಇಲ್ಲ ಎಂದ ಅಪ್ಪ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ. ಅದಕ್ಕೇ ನಾನು ಅವನ ಬೆನ್ನ ಹಿಂದೆ ನಿಂತು, ಗಾಳಿಯಲ್ಲಿ ಬೆರಳು ಆಡಿಸಿ, ತುಟಿ ಉಬ್ಬಿಸಿ, ‘ಕೀ ಸಡಲ್ ಅದ’ ಎಂದು ದನಿಯಿಲ್ಲದೆ ಆಡಿ ತೋರಿಸಿದೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪನ ಎದುರಿಗೆ ಬಂದ್ ಮಾಡಿಟ್ಟ ಇನ್ನೊಂದು ಲ್ಯಾಪ್‌ಟಾಪ್ ಇತ್ತು. ಅದರ ಕಪ್ಪು ಪರದೆಯಲ್ಲಿ ನಾನು ಪೂರ್ತಿ ಕಾಣುತ್ತಿದ್ದೆ ಎಂಬುದು ನನಗೆ ಹೊಳೆದದ್ದು ಆಮೇಲೆ. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಅಲ್ಲಿಂದ ಮೋಮಿನಪುರಕ್ಕೆ ಹೋದೆವು. ಅಪ್ಪನ ಟೈಪ್‌ರೈಟರನ್ನು ಎಷ್ಟೋ ವರ್ಷ ಬಿಚ್ಚಿ, ಎಣ್ಣೆ ಹಾಕಿ ಕೊಡುತ್ತಿದ್ದ ಮೆಕ್ಯಾನಿಕ್ ಚಾಚಾ ಈಗ ಅಲ್ಲಿ ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುತ್ತಿದ್ದರು. ಅವರು ಆಫೀಸಿನವರು ಬಿಟ್ಟುಕೊಟ್ಟ ಒಂದು ದಪ್ಪನೆಯ ಲ್ಯಾಪ್‌ಟಾಪ್ ತೆಗೆದು ಕೊಟ್ಟರು. ಅದರ ಕೀಗಳು ಆಳವಾಗಿದ್ದವು, ಒತ್ತಿದರೆ ಒಳಗೆ ಹೋಗಿ ಬರುವುದು ಬೆರಳಿಗೆ ತಿಳಿಯುತ್ತಿತ್ತು. ಅಪ್ಪನ ಮುಖ ಅರಳಿತು. ಆದರೂ ಎ ಓಡಿತು. ಅಪ್ಪ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಮತ್ತೊಮ್ಮೆ ಹೊಡೆದ. ಮತ್ತೆ ಓಡಿತು. ಮೂತ್ರಕ್ಕೆ ಹೋಗಿ ಬರುತ್ತೇನೆಂದು ಎದ್ದು ಹೊರಗೆ ಹೋದ.

ಚಾಚಾ ನನ್ನನ್ನು ಹತ್ತಿರ ಕರೆದರು.

“ಬೇಟಾ, ಮಷೀನ್ ಪೂರಾ ಠೀಕ್ ಅದ. ನಿಮ್ಮಪ್ಪನ ಬೆರಳು ಕೀ ಮ್ಯಾಲಿಂದ ಲಗೂನ ಏಳವಲ್ದು. ಟೈಪ್‌ರೈಟರಿಗೆ ಅದು ಗೊತ್ತಾಗಂಗಿಲ್ಲ. ಒಮ್ಮೆ ಹೊಡದ್ರ ಒಂದೇ ಅಕ್ಷರ, ಆಮ್ಯಾಲ ಬೆರಳು ಸಂಜೀತನಕ ಅಲ್ಲೇ ಇಟ್ರೂ ಒಂದೇ. ಡಾಕ್ಟರಿಗೆ ತೋರ್ಸು. ದೇರ್ ಮಾಡಬ್ಯಾಡ.”

ಜೇವರ್ಗಿ ಕಾಲೋನಿಯ ನರರೋಗದ ಡಾಕ್ಟರು ಅಪ್ಪನನ್ನು ಬಾಗಿಲ ತನಕ ನಡೆಸಿ ನೋಡಿದರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಬಿಡಿ, ತಾಗಿಸಿ ಬಿಡಿ ಎಂದರು. ನಡೆಯುವಾಗ ಎಡಗೈ ಬೀಸುವುದಿಲ್ಲ, ಇದು ಯಾವಾಗಿನಿಂದ ಎಂದು ಕೇಳಿದರು. ಏನೂ ಇಲ್ಲರೀ, ಮೊದಲಿಂದಲೂ ಹೀಗೇ ಎಂದ ಅಪ್ಪ. ಡಾಕ್ಟರು ನನ್ನ ಕಡೆ ತಿರುಗಿದರು.

ನನಗೆ ಗೊತ್ತಿತ್ತು. ಯಾವ ವಾರದಿಂದ ಎಂಬುದೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗಳ ಮದುವೆಯಲ್ಲಿ ನಾನು ಅಪ್ಪನ ನಡಿಗೆ ಆಡಿ ತೋರಿಸಿದ್ದೆ. ಬಲಗೈ ಬೀಸುತ್ತ, ಎಡಗೈಯನ್ನು ತೊಡೆಗೆ ಅಂಟಿಸಿಕೊಂಡು, ಸಣ್ಣ ಸಣ್ಣ ಹೆಜ್ಜೆ. ಕುಂತಾಗ ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಣದ ತಂಬಾಕು ತಿಕ್ಕುವುದನ್ನೂ ಸೇರಿಸಿದ್ದೆ, ಅದು ಆಗಷ್ಟೇ ಹೊಸದಾಗಿ ಕಂಡಿತ್ತು. ಮಂಟಪದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ಅಪ್ಪ. ‘ಹುಡುಗ ಥೇಟ್ ನನ್ನಂಗ ಮಾಡ್ತಾನ’ ಎಂದು ಪಕ್ಕದವರಿಗೆ ಹೇಳಿದ್ದ.

ಡಾಕ್ಟರಿಗೆ ಅಷ್ಟೂ ಹೇಳಿದೆ, ಆಡಿ ತೋರಿಸದೆ. ಅವರು ಬರೆದುಕೊಂಡರು. ಪಾರ್ಕಿನ್ಸನ್ ಕಾಯಿಲೆ ಎಂದರು. ಗುಳಿಗೆ ಹತೋಟಿಗೆ, ವಾಸಿಗಲ್ಲ, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು.

ಹೊರಗೆ ಬಂದು ಆಟೋ ಕಾಯುತ್ತ ನಿಂತಾಗ ಅಪ್ಪ ಕೇಳಿದ.

“ಅಷ್ಟ್ ದಿನದಿಂದ ಗೊತ್ತಿತ್ತೇನ್ ನಿನಗ?”

“ಗೊತ್ತಿರಲಿಲ್ಲಪ್ಪಾ. ನೋಡಿದ್ದೆ, ಅಷ್ಟ.”

ಅವನು ತಲೆಯಾಡಿಸಿದ. ಒಂದು ಬೈಗುಳ ಬಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗುಳಿಗೆ ಶುರುವಾಗಿ ಹತ್ತು ದಿನಕ್ಕೆ ಅಪ್ಪ, ಮತ್ತೆ ಮೋಮಿನಪುರಕ್ಕೆ ಹೋಗಿ ಆ ದಪ್ಪ ಲ್ಯಾಪ್‌ಟಾಪ್ ನೋಡೋಣ ಎಂದ. ಹಿಂದಿನ ದಿನವೇ ನಾನು ಒಬ್ಬನೇ ಹೋಗಿ ಚಾಚಾನ ಮುಂದೆ ಕುಳಿತಿದ್ದೆ. ಬೆರಳು ಎಷ್ಟು ಹೊತ್ತು ಒತ್ತಿ ಹಿಡಿದರೂ ಒಂದೇ ಅಕ್ಷರ ಬೀಳುವಂತೆ ಮಾಡುವ ಒಂದು ವ್ಯವಸ್ಥೆ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ಅದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಆರಿಸಬೇಕು ಎಂದು ಅವರು ತೋರಿಸಿಕೊಟ್ಟರು. ಅಪ್ಪನಿಗೆ ಹೇಳಿಯೇ ಹಚ್ಚು ಎಂದೂ ಅಂದರು. ಹೇಳುತ್ತೇನೆ ಎಂದು, ಹಚ್ಚಿಟ್ಟು ಬಂದೆ.

ಅಪ್ಪ ಕೂತು ಹೊಡೆದ. ಎ ಒಂದೇ ಬಿತ್ತು. ಎಸ್ ಒಂದೇ. ಡಿ, ಎಫ್. ಇಡೀ ಗೆರೆ ಎಲ್ಲೂ ಓಡದೆ ನಿಂತಿತು. ಅವನು ಪರದೆಯ ಮೇಲೆ ಬೆರಳಿಟ್ಟು ಒಂದೊಂದು ಅಕ್ಷರವನ್ನೂ ಎಣಿಸಿದ.

“ಗುಳಿಗಿ ಹಿಡದಾವ,” ಅಂದ. “ಇದೇ ಇರ್ಲಿ. ನಿನಗ ಹೊರಾಕ ವಜ್ಜ ಆಗ್ತದೇನು?”

ಇಲ್ಲ ಎಂದೆ. ಚಾಚಾ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ವೈರುಗಳನ್ನು ನೋಡಿದೆ. ಅಪ್ಪ ಅಷ್ಟು ಸಂತೋಷದಿಂದ ಇದ್ದುದನ್ನು ನೋಡಿ ಬಹಳ ದಿನವಾಗಿತ್ತು, ಹೇಳಲು ಬಾಯಿ ಬರಲಿಲ್ಲ. ಎಲ್ಲರ ಮಾತೂ ಆಡಬಲ್ಲವನಿಗೆ ತನ್ನದೇ ಒಂದು ಮಾತು ಆಡಲಾಗಲಿಲ್ಲ.

ಕಾಲೇಜು ಶುರುವಾಯಿತು. ತರಗತಿಯಲ್ಲಿ ಎಲ್ಲರದೂ ರೊಟ್ಟಿಯಷ್ಟು ತೆಳ್ಳಗಿನ ಲ್ಯಾಪ್‌ಟಾಪು. ಬೇರೆಯವರು ನಗುವ ಮೊದಲು ನಾನೇ, ಇದು ಶಹಾಬಾದಿ ಹಾಸುಗಲ್ಲು, ಬ್ಯಾಟರಿ ಹಾಕಿ ತಂದೀನಿ ಎಂದು ನಗಿಸಿಬಿಟ್ಟೆ. ಒಂದು ಗಂಟೆಗೆ ತರಗತಿ ಬಿಟ್ಟರೆ ಅದನ್ನು ಹೊತ್ತು ಕೋರ್ಟಿಗೆ ಹೋಗುವುದು. ಕಾಂಪೌಂಡಿನ ಹೊರಗೆ ನಿಂತು ಆ ವ್ಯವಸ್ಥೆ ಹಚ್ಚಿ, ಒಳಗೆ ಹೋಗಿ ಅಪ್ಪನ ಮೇಜಿನ ಮೇಲಿಡುವುದು. ಮರುದಿನ ತರಗತಿಯಲ್ಲಿ ಆರಿಸಿಕೊಳ್ಳುವುದು. ಅದು ಹಚ್ಚಿದ್ದರೆ ನಾನು ವೇಗವಾಗಿ ಹೊಡೆದ ಅಕ್ಷರಗಳೇ ಬಿಟ್ಟುಹೋಗುತ್ತಿದ್ದವು.

ಅಪ್ಪ ನಿಧಾನವಾಗಿದ್ದ. ಒಂದು ಹಾಳೆಗೆ ಮೊದಲಿನ ಮೂರು ಪಟ್ಟು ಹೊತ್ತು. ಆದರೆ ಸ್ವಚ್ಛ. ಮೊಬೈಲಿಗೆ ಕಳಿಸುವುದನ್ನೂ, ಪಕ್ಕದ ಮೇಜಿನ ಪ್ರಿಂಟರಿನಲ್ಲಿ ಹಾಳೆ ತೆಗೆಸುವುದನ್ನೂ ಕಲಿತ. ಇಬ್ಬರು ವಕೀಲರು ಮರಳಿ ಬಂದರು. ಒಂದು ತಿಂಗಳು ಕಳೆದಾಗ ಅವ್ವ, ಡಾಕ್ಟರ ಹತ್ತಿರ ಹೋಗುವ ದಿನ ಬಂತು ಎಂದು ನೆನಪಿಸಿದಳು. ಗುಳಿಗೆ ಹಿಡಿದಾವಲ್ಲ, ಕೈ ನೆಟ್ಟಗಾಗ್ಯಾವ, ಇನ್ಯಾಕ ಎಂದ ಅಪ್ಪ. ಮುಂದಿನ ತಿಂಗಳೂ ಹೋಗಲಿಲ್ಲ. ನಾನು ಅಲ್ಲೇ ಕುಳಿತು ಊಟ ಮಾಡುತ್ತಿದ್ದೆ. ಅಪ್ಪನ ಕೈ ನೆಟ್ಟಗಾಗಿಲ್ಲ ಎಂದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಮೂರನೆಯ ತಿಂಗಳು ನಮಗೆ ಕಿರುಪರೀಕ್ಷೆ ಇತ್ತು. ಬಿಟ್ಟದ್ದು ತಡವಾಗಿ. ಓಡಿ ಬಂದು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದ ಒಬ್ಬ ಮುದುಕಿ, ಎರಡೂ ನಾನೇ ಎಂದು ಅಫಿಡವಿಟ್ಟು ಮಾಡಿಸಲು ಹನ್ನೊಂದರಿಂದ ಕಾಯುತ್ತಿದ್ದಳು. ನಾನು ಚಹಾ ಕುಡಿಯಲು ಹೋದೆ. ಅರ್ಧ ಕಪ್ಪಿಗೆ ನೆನಪಾಯಿತು, ಆ ವ್ಯವಸ್ಥೆ ಹಚ್ಚಿರಲಿಲ್ಲ.

ಓಡಿ ಬರುವಷ್ಟರಲ್ಲಿ ಪರದೆಯ ಮೇಲೆ ಬರೀ ‘ನ’ ಅಕ್ಷರ. ಗೆರೆ ತುಂಬಿ, ಕೆಳಗಿನ ಗೆರೆಗೆ ಇಳಿದು, ಅದೂ ತುಂಬಿತ್ತು. ಅಪ್ಪ ಬೆರಳು ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಓದು ಬಾರದ ಮುದುಕಿ ಬಗ್ಗಿ ಪರದೆ ನೋಡುತ್ತಿದ್ದಳು.

“ನನ್ನ ಹೆಸರು ಇಷ್ಟ್ ಉದ್ದ ಅದ ಏನ್ರಿ?”

ಅಪ್ಪ ನನ್ನ ಕಡೆ ನೋಡಿದ. “ದಿನಾ ಏನ್ ಮಾಡಿ ಕೊಡ್ತಿದ್ದಿ ಇದಕ್ಕ?”

ಹೇಳಿದೆ. ಮೋಮಿನಪುರದ ಅಂಗಡಿಯಿಂದ ಹಿಡಿದು ಎಲ್ಲ. ಅವನು ಕೇಳಿಸಿಕೊಂಡ.

“ಅಂದ್ರ ಗುಳಿಗಿ ಅಲ್ಲ.”

ಗುಳಿಗೆಯೂ ಒಂದಿಷ್ಟು ಇರಬಹುದಪ್ಪಾ ಎಂದೆ. ಈಗ ಹಚ್ಚಿಬಿಡುತ್ತೇನೆ, ಒಂದೇ ನಿಮಿಷ ಎಂದು ಕೈ ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದ. ಆ ಕೈಯ ನಡುಕ ನನ್ನ ಕೈಗೆ ಹತ್ತಿತು.

“ಬ್ಯಾಡ. ನನ್ನ ಕೈ ಹೆಂಗದಂತ ನನಗ ಗೊತ್ತಾಗಬೇಕಿತ್ತಲ್ಲ, ತಮ್ಮಾ.”

ಸುತ್ತಲಿನ ಮೇಜುಗಳಲ್ಲಿ ಟೈಪಿಂಗ್ ನಡೆದೇ ಇತ್ತು. ಅಪ್ಪ ಕುರ್ಚಿಯ ಕೈ ಹಿಡಿದು ಎದ್ದ, ನನ್ನನ್ನು ಕೂಡು ಎಂದ. ಇಷ್ಟು ವರ್ಷದಲ್ಲಿ ಅವನ ಕುರ್ಚಿಯಲ್ಲಿ ನಾನು ಕೂತಿರಲಿಲ್ಲ. ಅವನು ಮುದುಕಿಯ ಪಕ್ಕದ ಬೆಂಚಿನ ಮೇಲೆ ಕೂತು, ಅವಳ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು, ನೋಡದೆಯೇ ಹೇಳತೊಡಗಿದ. ತರಗತಿಯಲ್ಲಿ ಇಂಗ್ಲಿಷೇ ಹೊಡೆಯುತ್ತಿದ್ದ ನಾನು ಕನ್ನಡವನ್ನು ಎರಡು ಬೆರಳಲ್ಲಿ ಹೊಡೆದೆ. ಎಲ್ಲಿ ಅಲ್ಪವಿರಾಮ, ಎಲ್ಲಿ ಹೊಸ ಸಾಲು, ಎಲ್ಲವನ್ನೂ ಹೇಳಿದ. ದನಿ ಎಲ್ಲೂ ನಡುಗಲಿಲ್ಲ.

ಹಾಳೆ ಮುಗಿಯಿತು. ನಮ್ಮ ಕೋರ್ಟಿನ ಮೇಜುಗಳಲ್ಲಿ, ಹಾಳೆಯ ಎಡ ಮೂಲೆಯಲ್ಲಿ ಹೊಡೆದವನ ಹೆಸರಿನ ಎರಡು ಅಕ್ಷರ ಸಣ್ಣದಾಗಿ ಹಾಕುವ ರೂಢಿ. ಏನಾದರೂ ತಪ್ಪಾದರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ ಎಂದು. ನಾನು ಅಪ್ಪನ ಎರಡು ಅಕ್ಷರ ಹಾಕಿದೆ.

ಅಪ್ಪ ಎದ್ದು ಬಂದು, ಬಗ್ಗಿ ನೋಡಿದ.

“ಅಳಸು,” ಅಂದ. “ನಿಂದು ಹಾಕು.”

ಅಳಿಸಿದೆ. ನನ್ನ ಹೆಸರಿನ ಅಕ್ಷರಗಳು ಎಲ್ಲಿವೆ ಎಂದು ಹುಡುಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮುದುಕಿ ಆಗಲೇ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾಯುತ್ತಿದ್ದಳು.