ಬೇಸಿಗೆಗೆ ನಾಕು ಪುಸ್ತಕ

ಓದಿದ ಪುಸ್ತಕಗಳ ಹೆಸರು ನನಗೆ ನೆನಪಿರುವುದಿಲ್ಲ, ಕಲೆಗಳು ನೆನಪಿರುತ್ತವೆ. ಅರಿಶಿಣದ ಹೆಬ್ಬೆರಳು ಒತ್ತಿದ ಕಾದಂಬರಿ, ಚಹದ ಕಪ್ಪಿನ ಅರ್ಧಚಂದ್ರವಿರುವ ಪ್ರವಾಸಕಥನ, ಯಾರೋ ಪುಣ್ಯಾತ್ಮರು ಮೊದಲ ಪುಟದ ಅಂಚಿನಲ್ಲೇ ಕೊಲೆಗಾರನ ಹೆಸರು ಬರೆದಿಟ್ಟ ಪತ್ತೇದಾರಿ. ಹೀಗಾಗಿ ಬೇಸಿಗೆಗೆ ಒಳ್ಳೆಯ ಪುಸ್ತಕ ಹೇಳಿ ಎಂದು ಯಾರಾದರೂ ಕೇಳಿದರೆ, ನನ್ನ ಉತ್ತರ ಥೇಟ್ ಅಗಸರ ಉತ್ತರದಂತಿರುತ್ತದೆ. ಆದರೂ ಈ ಸಲ ಯಾರೂ ಕೇಳದೆಯೇ ಮನೆಮನೆಗೆ ಹೋಗಿ ಶಿಫಾರಸು ಮಾಡಿ ಬಂದೆ. ಅದಕ್ಕೆ ಕಾರಣವಿತ್ತು.

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯಲ್ಲಿ, ನಮ್ಮ ಗಲ್ಲಿಯ ತುದಿಗೆ ಒಂದು ವಾಚನಾಲಯವಿದೆ. ಒಳಗೆಲ್ಲ ಮರಾಠಿ. ಮೂಲೆಯಲ್ಲಿ ಒಂದೇ ಒಂದು ಕನ್ನಡದ ಕಪಾಟು, ಹಿಂದಿನ ತಲೆಮಾರಿನ ನಮ್ಮ ನೂಲಿನ ವ್ಯಾಪಾರಿಗಳು ಕೊಟ್ಟದ್ದು. ವಾಚನಾಲಯ ನೋಡಿಕೊಳ್ಳುವ ಕಾಕಾ ನಿವೃತ್ತ ಮಾಸ್ತರರು, ಸಾತಾರಾ ಕಡೆಯವರು, ಕನ್ನಡ ಬಾರದು. ಬೇಸಿಗೆಯ ಸೂಟಿ ಶುರುವಾಗುವ ಮುಂಚೆ ಅವರು ನನ್ನನ್ನು ಕರೆದು ಸಂಕೋಚದಿಂದಲೇ ವಿಷಯ ಹೇಳಿದರು. ಪರೀಕ್ಷೆಗೆ ಓದುವ ಹುಡುಗರಿಗೆ ಕೂರಲು ಜಾಗವಿಲ್ಲ. ಕನ್ನಡದ ಕಪಾಟು ತೆರೆದು ಎಷ್ಟೋ ದಿನವಾಯಿತು. ಓದುವವರು ಸಿಕ್ಕರೆ ಸರಿ, ಇಲ್ಲವಾದರೆ ಬರುವ ರವಿವಾರ ಪುಸ್ತಕಗಳು ರದ್ದಿಗೆ.

ರದ್ದಿಗೆ ಹಾಕಲು ನಾನು ಬಿಡುವಂತಿರಲಿಲ್ಲ. ಗಡಹಿಂಗ್ಲಜದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಹಿಮ ಬೀಳುವ ಊರಿನ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿಸಿದರು, ಮರಾಠಿಯನ್ನು ಎಸ್‌.ಟಿ. ಬಸ್ ಸ್ಟ್ಯಾಂಡು ಕಲಿಸಿತು, ಕನ್ನಡವೆಂದರೆ ಅಜ್ಜಿಯೊಡನೆ ಆಡುವ ಮಾತು ಅಷ್ಟೇ. ಅಕ್ಷರ ಕೂಡಿಸಿ ಓದಲು ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಈ ಕಪಾಟಿನಿಂದ. ಅತ್ತೆ ಅಕ್ಕಿ ಆರಿಸುತ್ತ ಕೂರುತ್ತಿದ್ದರು, ನಾನು ಗಟ್ಟಿಯಾಗಿ ಓದುತ್ತಿದ್ದೆ. ತಪ್ಪಿದ ಕೂಡಲೇ ಮೊರದಲ್ಲಿನ ಒಂದು ಹರಳು ನನ್ನ ಮಡಿಲಿಗೆ ಬಂದು ಬೀಳುತ್ತಿತ್ತು. ಅತ್ತೆ ಈಗಿಲ್ಲ. ಕಪಾಟೂ ಹೋದರೆ, ನಾನು ಓದಲು ಕಲಿತ ಆ ಮನೆ ಪೂರ್ತಿ ಮುಚ್ಚಿದಂತೆ.

ಅದಕ್ಕೇ ಸೆರಗು ಸಿಕ್ಕಿಸಿ ಹೊರಟೆ. ಬೇಸಿಗೆಯ ಪುಸ್ತಕದ ಬಗ್ಗೆ ನನ್ನದೊಂದು ಸಿದ್ಧಾಂತವಿದೆ: ಓದುವವಳ ಅಭಿರುಚಿ ನೋಡಬಾರದು, ಅವಳ ಕೆಲಸ ನೋಡಬೇಕು. ಮಾಳಿಗೆಯ ಮೇಲೆ ಸಂಡಿಗೆ ಕಾಯುವವರಿಗೆ ದಪ್ಪ ಕಾದಂಬರಿ. ಕಾಗೆ ಬಂದರೆ ಎತ್ತಿ ತೋರಿಸಿದರೂ ಸಾಕು, ಹಾರಿಹೋಗುತ್ತದೆ. ನಳದ ನೀರು ಯಾವಾಗ ಬಂದೀತೆಂದು ಕಾಯುವವರಿಗೆ ಪತ್ತೇದಾರಿ. ಹೇಗೂ ಉಸಿರು ಬಿಗಿಹಿಡಿದುಕೊಂಡೇ ಕೂತಿರುತ್ತಾರೆ. ಎಲ್ಲಿಗೂ ಹೋಗಲಾಗದವರಿಗೆ ಪ್ರವಾಸಕಥನ. ವಚನಗಳ ತೆಳ್ಳನೆಯ ಪುಸ್ತಕವನ್ನು ಮಾತ್ರ ಕರೆಂಟು ಹೋಗಿ ಊರಿನ ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ ಓದಬೇಕು. ಆ ನಿಶ್ಶಬ್ದಕ್ಕೆ ನಮ್ಮೂರಲ್ಲಿ ಮಲಗಿದ ಮಕ್ಕಳೂ ಎದ್ದು ಕೂರುತ್ತವೆ.

ಪಕ್ಕದ ಕಬನೂರದ ಶಾಂತಕ್ಕನ ಮನೆಗೆ ಮೊದಲು ಹೋದೆ. ಆಕೆಯ ಗಂಡ ಮಗ್ಗದ ಕೆಲಸಕ್ಕೆ ಹೋಗುತ್ತಾನೆ. ಆಕೆ ಮನೆಯಲ್ಲಿ ನೂಲು ಸುತ್ತುತ್ತಾಳೆ, ಕೈಗಿಂತ ಬಾಯಿ ಚುರುಕು.

"ಶಾಂತಕ್ಕ, ಒಂದು ದಪ್ಪನ್ನ ಕಾದಂಬರಿ ಐತಿ. ಪುಟದ ತುಂಬ ಅತ್ತಿ-ಸೊಸಿ ಜಗಳ. ಭಾಳ ಚಂದ."

"ಅದು ನಮ್ಮನ್ಯಾಗ ಪುಕ್ಕಟ ಸಿಗತೈತ್ರಿ ಬಾಯಾರ. ಬ್ಯಾರೆ ಏನರ ಹೇಳ್ರಿ."

ಪತ್ತೇದಾರಿ ಹೇಳಿದೆ, ಪ್ರವಾಸದ್ದು ಹೇಳಿದೆ, ವಚನದ್ದೂ ಹೇಳಿದೆ. ಕಡೆಗೆ ಜಗಳದ ಕಾದಂಬರಿಯೂ ಇರಲಿ ಎಂದಳು. "ಬ್ಯಾರೇವ್ರ ಜಗಳ ನೋಡಿದ್ರ ನಮಗೂ ಸ್ವಲ್ಪ ಸಮಾಧಾನ." ಸೂಟಿಯಲ್ಲಿ ಒಬ್ಬರು ನಾಲ್ಕು ಪುಸ್ತಕ ಒಯ್ಯಬಹುದೆಂದು ವಾಚನಾಲಯದ ನಿಯಮ. ಹೋದ ಮನೆಗಳಲ್ಲೆಲ್ಲ ಅದನ್ನು ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಚಹಾ ಕೊಟ್ಟರು. ನನಗೂ ಉತ್ಸಾಹ ಏರಿ, ಬರುವಾಗ ಪ್ರತಿ ಹೊಸಿಲಲ್ಲೂ ಒಂದು ಉಪದೇಶ ಮಾಡಿದೆ: "ಎಷ್ಟ ಪುಸ್ತಕ ಬೇಕಂತ ಕಾಕಾ ಫೋನ್ ಮಾಡತಾರ, ರವಿವಾರ ಹೋಗಿ ತರೂದು. ಕನ್ನಡದಾಗ ಹೇಳ್ರಿ. ಗಟ್ಟ್ಯಾಗಿ ಹೇಳ್ರಿ. ಕನ್ನಡ ಓದವ್ರು ಅದಾರ ಅಂತ ಅವರಿಗೂ ಗೊತ್ತಾಗ್ಲಿ."

ಶನಿವಾರ ಮಧ್ಯಾಹ್ನ ಕಾಕಾ ಫೋನು ಮಾಡಿದರು. ದನಿ ಇಳಿದಿತ್ತು. "ವಹಿನಿ, ಸಗಳ್ಯಾ ನಕೋ ಮ್ಹಣಾಲ್ಯಾ." ಅತ್ತಿಗೆ, ಎಲ್ಲರೂ ಬೇಡ ಅಂದರು, ಅಂತ. ಅದೂ ಮೆತ್ತಗಲ್ಲ, ಒದರಿ ಒದರಿ. ಕಬನೂರದವರಂತೂ ಎರಡೆರಡು ಸಲ.

ಒಲೆಯ ಮೇಲೆ ಹಾಲು ಉಕ್ಕಿದ್ದು ಕಂಡರೂ ಕೈ ಹೋಗಲಿಲ್ಲ. ನನ್ನ ಯಜಮಾನರು ಒಲೆ ಆರಿಸಿ ಸಮಾಧಾನ ಹೇಳಿದರು. "ಮುಖದ ಮ್ಯಾಲೆ ಒಲ್ಲೆ ಅನ್ನಾಕ ಆಗದ ಹೂಂ ಅಂದಾರ. ಚಹಾ ಕೊಡೂದು, ಹೂಂ ಅನ್ನೂದು, ಎರಡೂ ನಮ್ಮ ಮಂದಿ ಮರ್ಯಾದಿ." ಸಮಾಧಾನಕ್ಕೆಂದು ಹೇಳಿದ ಮಾತೇ ಹೆಚ್ಚು ಚುಚ್ಚಿತು. ಶಾಂತಕ್ಕನಿಗೆ ಫೋನು ಮಾಡಿ ಕೇಳಿಬಿಡಬಹುದಿತ್ತು. ಆದರೆ ಒಲ್ಲದವರನ್ನು ಯಾಕೆ ಒಲ್ಲಿರಿ ಎಂದು ಕೇಳುವುದು ಹೇಗೆ? ಬೇಡದ ಪುಸ್ತಕವನ್ನು ಹೇರಿದವಳು ನಾನೇ ಎಂಬ ನಾಚಿಕೆ ಬೇರೆ.

ರವಿವಾರ ಬೆಳಿಗ್ಗೆ ಹೋದಾಗ ರದ್ದಿಯವನ ಕೈಗಾಡಿ ಬಾಗಿಲಲ್ಲೇ ನಿಂತಿತ್ತು. ಕಪಾಟು ಬರಿದಾಗಿ, ಒಳಗಿನ ಹಲಗೆಗಳ ಮೇಲೆ ಪುಸ್ತಕಗಳು ಇದ್ದಷ್ಟು ಜಾಗ ಮಾತ್ರ ಧೂಳಿಲ್ಲದೆ ಹೊಳೆಯುತ್ತಿತ್ತು. ಕಟ್ಟುಗಳಿಗೆ ಸುತಳಿ ಬಿಗಿದಾಗಿತ್ತು, ಒಂದು ಕಟ್ಟು ಗಾಡಿ ಏರಿಯೂ ಆಗಿತ್ತು. ಅತ್ತೆಯ ಮುಂದೆ ನಾನು ಮೊದಲು ಓದಿ ಮುಗಿಸಿದ ಪುಸ್ತಕ ಅದೇ ಕಟ್ಟಿನ ತಳದಲ್ಲಿತ್ತು. ಅದೊಂದನ್ನಾದರೂ ಕೇಳಿ ಪಡೆಯೋಣವೆಂದು ಗಾಡಿಯ ಹತ್ತಿರ ಹೋದೆ.

ಆಗ ಹಿಂದಿನಿಂದ ದನಿ ಬಂತು. "ಎಲ್ಲಿ ಅದಾವ್ರಿ ನನ್ನ ನಾಕ?"

ಶಾಂತಕ್ಕ. ಬಗಲಲ್ಲಿ ಖಾಲಿ ಚೀಲ, ಹಿಂದೆ ಇನ್ನೂ ಇಬ್ಬರು ಹೆಂಗಸರು, ಅವರ ಕೈಯಲ್ಲೂ ಚೀಲ.

ಕಾಕಾ ಗಾಬರಿಯಾದರು. "ತುಮ್ಹೀಚ ನಕೋ ಮ್ಹಣಾಲಾತ ನಾ?" ನೀವೇ ಬೇಡ ಅಂದಿರಲ್ಲ?

"ಹೌದ್ರಿ. ನಾಕ ಅಂದೆ."

"ತೇಚ! ನಕೋ!" ಅದೇ ಮತ್ತೆ, ಬೇಡ ಎಂದು!

"ನಾಕ ಅಂದ್ರ ನಾಕs ಬೇಕ್ರಿ!"

ಕಾಕಾ ನನ್ನ ಕಡೆ ತಿರುಗಿ ಕೈಚೆಲ್ಲಿದರು. ನೋಡಿದಿರಾ ವಹಿನಿ, ಮತ್ತೆ ಬೇಡ ಎನ್ನುತ್ತಾರೆ, ಎಂಬ ಮುಖ.

ನನ್ನ ಕಿವಿಯಲ್ಲಿ ಆಗ ಆ ಎರಡು ಮಾತುಗಳು ಡಿಕ್ಕಿ ಹೊಡೆದವು. ನಮ್ಮವರ ನಾಲ್ಕು, 'ನಾಕ'. ಅವರ ಬೇಡ, 'ನಕೋ'. ಕನ್ನಡದಲ್ಲೇ ಹೇಳಿ, ಗಟ್ಟಿಯಾಗಿ ಹೇಳಿ ಎಂದು ಹೊಸಿಲು ಹೊಸಿಲಿಗೂ ಪಾಠ ಹೇಳಿ ಬಂದವಳು ಯಾರು? ದಿನವಿಡೀ ಮರಾಠಿಯಲ್ಲಿ ಬಾಜಾರ ಮಾಡುವ ಈ ಹೆಂಗಸರು ತಮ್ಮಷ್ಟಕ್ಕೆ ಬಿಟ್ಟಿದ್ದರೆ ಸಲೀಸಾಗಿ 'ಚಾರ' ಎನ್ನುತ್ತಿದ್ದರು. ನನ್ನ ಮಾತಿಗೆ ಮರ್ಯಾದೆ ಕೊಟ್ಟು ಕಪಾಟನ್ನು ರದ್ದಿಯ ಗಾಡಿಯವರೆಗೆ ತಂದಿದ್ದರು.

ನಾಲ್ಕು ಬೆರಳು ಎತ್ತಿ ಹಿಡಿದೆ.

ಕಾಕಾ ಬೆರಳು ನೋಡಿದರು, ಶಾಂತಕ್ಕನನ್ನು ನೋಡಿದರು. "ಚಾರ?"

"ಚಾರ!" ಮೂವರೂ ಒಟ್ಟಿಗೆ ಕೂಗಿದರು.

ಕಾಕಾ ಪುಸ್ತಕದ ಕಟ್ಟಿನ ಮೇಲೇ ಕೂತುಬಿಟ್ಟರು. ಎಲ್ಲರಿಗಿಂತ ಮೊದಲು ನಕ್ಕದ್ದು ರದ್ದಿಯವನು. ಗಾಡಿಯ ಮೇಲಿನ ಕಟ್ಟು ಕೆಳಗಿಳಿಸಿ, ಸುತಳಿಯನ್ನೂ ಅವನೇ ಬಿಚ್ಚಿದ. ಶಾಂತಕ್ಕ ಕಾಕಾರನ್ನು ಬಿಡಲಿಲ್ಲ. "ಮಾಸ್ತರ, ನೀವು ಲೆಕ್ಕದ ಮಾಸ್ತರ ಅಲ್ಲಲ್ಲ ಮತ್ತ?"

ಕಪಾಟು ಮೂಲೆಯಲ್ಲೇ ಉಳಿಯಿತು. ಪರೀಕ್ಷೆಯ ಹುಡುಗರು ಅದಕ್ಕೇ ಬೆನ್ನು ಆನಿಸಿ ಕೂರುತ್ತಾರೆ. ಅಂದು ಕಾಕಾ ತಮಗೂ ಒಂದು ಕನ್ನಡ ಪುಸ್ತಕ ಹೇಳಿ ಎಂದು ಕೇಳಿದ್ದರು. ಈ ಬೇಸಿಗೆಯಲ್ಲಿ ಕೇಳಿದ್ದಕ್ಕೆ ನಾನು ಮಾಡಿದ ಶಿಫಾರಸು ಅದೊಂದೇ: ಮಕ್ಕಳ ಎಣಿಕೆಯ ಚಿತ್ರಪುಸ್ತಕ.

ಮೊನ್ನೆ ಹೋದಾಗ ಎಲ್ಲಿಯವರೆಗೆ ಬಂತು ಕಾಕಾ ಎಂದೆ. ಕನ್ನಡಕ ಏರಿಸಿ, ಮುಂದಿನ ಪುಟ ತಿರುವಿದರು. ನಾಲ್ಕು ಮಾವಿನಹಣ್ಣುಗಳು. ಯಾರೂ ಹಣ್ಣನ್ನು ವಾಪಸು ಒಯ್ಯಲು ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವರಂತೆ ಅತ್ತಿತ್ತ ನೋಡಿ, ಭಾಳ ಮೆಲ್ಲಗೆ ಹೇಳಿದರು: "ನಾಕ."