ಬಂದ್ರಾ ಎಂದು ಕೇಳಿದ ದನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ನಗುತ್ತಿದ್ದವನು. ಎದುರಿಗೇ ನಗುತ್ತಿರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಆದರೆ ಇವರು ಸರಿಯಾಗಿ ನೋಡಿಲ್ಲ, ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ನನ್ನ ಕಸುಬೂ ಹಾಗೆ ಯೋಚಿಸುವುದನ್ನೇ ಕಲಿಸಿತ್ತು. ಕಾಮಾಕ್ಷಿಪಾಳ್ಯದಲ್ಲಿ ಸ್ನೇಹಿತನೊಬ್ಬನ ಜೊತೆ ಸೇರಿ ಒಂದು ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಲೇಥ್ ಮತ್ತು ಮಿಲ್ಲಿಂಗ್ ಯಂತ್ರಗಳ ನಡುವೆ ಪಳಗಿದ ಕಿವಿ ನನ್ನದು. ಯಾವ ಬೇರಿಂಗ್ ಸವೆದಿದೆ, ಯಾವ ಬೆಲ್ಟ್ ಸಡಿಲವಾಗಿದೆ ಎಂಬುದನ್ನು ಶೆಡ್ಡಿನ ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಶಬ್ದ ಇದೆ ಎಂದ ಮೇಲೆ ಅದು ಹುಟ್ಟಿದ ಒಂದು ಜಾಗ ಇರಲೇಬೇಕು ಎಂದು ನಂಬಿದ್ದೆ.

ಒಮ್ಮೆ ನಮ್ಮ ಬೀದಿಯ ಮೂಲೆಮನೆಯಲ್ಲಿ ಗೋಡೆಯೊಳಗಿಂದ ಯಾರೋ ಬಡಿಯುತ್ತಾರೆ ಎಂದು ದೊಡ್ಡ ಗಲಾಟೆಯಾಯಿತು. ಹೋಮ ಮಾಡಿಸುವ ಮಾತೂ ನಡೆದಿತ್ತು. ನಾನು ಹೋಗಿ ಪಂಪ್ ಹಾಕಿಸಿ ನೋಡಿದೆ, ನಿಲ್ಲಿಸಿ ನೋಡಿದೆ, ಆಮೇಲೆ ಅಲುಗಾಡುತ್ತಿದ್ದ ಪೈಪಿಗೆ ಕ್ಲ್ಯಾಂಪ್ ಹೊಡೆಸಿದೆ. ಬಡಿತ ನಿಂತಿತು. ತಿಂಗಳುಗಟ್ಟಲೆ ಆ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಹಾಗಾಗಿ, ಮುಂದೆ ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಾವಿರುವುದು ವಿಜಯನಗರದ ಪಕ್ಕದ ಆರ್‌ಪಿಸಿ ಲೇಔಟಿನಲ್ಲಿ, ಒಂದು ಮನೆಯ ಮೊದಲ ಮಹಡಿಯಲ್ಲಿ. ನಾನು, ಹೆಂಡತಿ ವನಜಾ, ಮಗಳು ನಂದಿನಿ. ಕೆಳಗಡೆ ಮನೆಯ ಒಡತಿ ರತ್ನಮ್ಮ. ಈ ಬಡಾವಣೆ ಆಗುವುದಕ್ಕೆ ಮುಂಚೆ ಇಲ್ಲೆಲ್ಲ ತಮ್ಮ ಮಾವನವರು ರಾಗಿ ಬೆಳೆಯುತ್ತಿದ್ದರು ಎಂದು ಆಕೆ ಆಗಾಗ ಹೇಳುವುದುಂಟು. ವನಜಾ ಹಾಡುಗಾರ್ತಿ. ದೊಡ್ಡ ಹೆಸರೇನಲ್ಲ. ಗಣೇಶನ ಹಬ್ಬದ ಪೆಂಡಾಲು, ಮದುವೆ ಮನೆ, ಅಪರೂಪಕ್ಕೆ ಒಂದು ಸಂಗೀತ ಸಭೆ; ದಿನಾ ಸಂಜೆ ಮನೆಯಲ್ಲೇ ಮಕ್ಕಳಿಗೆ ಪಾಠ. ನನಗೆ ಸಂಗೀತ ಅಷ್ಟಾಗಿ ತಿಳಿಯದು. ಆದರೆ ಅವಳ ದನಿ ಗೊತ್ತು. ವರ್ಕ್‌ಶಾಪಿನಿಂದ ಬಂದು ಮೆಟ್ಟಿಲು ಹತ್ತುವಾಗ ಒಳಗಿನ ಕೋಣೆಯಿಂದ ಆ ದನಿ ಮೇಲಿನ ಷಡ್ಜಕ್ಕೆ ಏರಿ ಅಲ್ಲಿ ಸುಮ್ಮನೆ ನಿಲ್ಲುತ್ತಿತ್ತಲ್ಲ, ಆಗ ಬೆನ್ನಿನ ನೋವೆಲ್ಲ ಇಳಿದ ಹಾಗಾಗುತ್ತಿತ್ತು. ನಾನು ಬಾಗಿಲು ತೆಗೆದ ಶಬ್ದಕ್ಕೆ ಅವಳು ಪಾಠದ ನಡುವೆಯೇ "ಬಂದ್ರಾ?" ಎನ್ನುವಳು. ನಾನು "ಹೂಂ" ಎನ್ನುವೆ. ಅಷ್ಟೇ ನಮ್ಮ ಸಂಜೆಯ ಮಾತುಕತೆ.

ಕೆಲವು ವರ್ಷಗಳ ಹಿಂದೆ ವನಜಾಳ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಎಂದರು, ಆಪರೇಷನ್ ಆಗಲೇಬೇಕು ಎಂದರು. ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ದನಿಯನ್ನು ನಡೆಸುವ ನರ ಆ ಗಂಟಿಗೆ ಅಂಟಿಕೊಂಡ ಹಾಗೇ ಇದೆ, ನಾವು ಜಾಗ್ರತೆ ಮಾಡುತ್ತೇವೆ, ಆದರೆ ಭರವಸೆ ಕೊಡಲಾರೆವು ಎಂದರು. ವನಜಾ ಕೇಳಿದ್ದು ಒಂದೇ ಪ್ರಶ್ನೆ.

"ಮಾತಾಡಕ್ಕಾಗತ್ತಾ, ಹಾಡಕ್ಕಾಗತ್ತಾ? ಎರಡೂ ಬೇರೆ ಬೇರೆ ಡಾಕ್ಟ್ರೇ."

"ಮಾತಾಡ್ತೀರಮ್ಮ," ಎಂದರು ಡಾಕ್ಟರು. ಆಮೇಲೆ ಸ್ಕ್ಯಾನ್ ರಿಪೋರ್ಟನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಆವತ್ತಿನಿಂದ ಅವಳು ಹಾಡಲಿಲ್ಲ. ಪಾಠದ ಮಕ್ಕಳಿಗೆ ರಜೆ ಹೇಳಿದಳು. ಶಾಲೆಗೂ ರಜೆ ಇತ್ತು. ಆಪರೇಷನ್ನಿಗೆ ಕೆಲವು ದಿನ ಮುಂಚೆ ನಂದಿನಿಯನ್ನೂ ಕರೆದುಕೊಂಡು ಕೆಂಗೇರಿ ಉಪನಗರದ ತಾಯಿಮನೆಗೆ ಹೊರಟಳು. "ಈ ಮನೇಲಿ ಕೂತ್ರೆ ಬಾಯಿ ತಾನಾಗೇ ತೆರೆದುಬಿಡತ್ತೆ ಕಣ್ರೀ. ಆಮೇಲೆ ಇದೇ ಕೊನೇದು ಅನ್ನಿಸ್ತಾ ಇರತ್ತೆ. ಅಲ್ಲಾದ್ರೆ ಅಮ್ಮನ ಟಿವಿ ಸದ್ದಲ್ಲಿ ಏನೂ ಗೊತ್ತಾಗಲ್ಲ," ಎಂದಳು.

ಅವಳು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಕಾಮಾಕ್ಷಿಪಾಳ್ಯದಲ್ಲಿ ಕರೆಂಟು ಹೋಯಿತು. ಸಂಜೆಯವರೆಗೂ ಬರುವುದಿಲ್ಲ ಎಂದು ತಿಳಿದ ಮೇಲೆ ಕೆಲಸದ ಹುಡುಗರನ್ನು ಮನೆಗೆ ಕಳಿಸಿ, ಅವಳ ಸ್ಕ್ಯಾನ್ ರಿಪೋರ್ಟು, ಒಂದೆರಡು ಬಟ್ಟೆ ತೆಗೆದುಕೊಂಡು ಕೆಂಗೇರಿಗೆ ಹೋಗೋಣ ಎಂದು ಮನೆಗೆ ಬಂದೆ. ಮಟಮಟ ಮಧ್ಯಾಹ್ನ. ನಮ್ಮ ಬೀದಿಯಲ್ಲೂ ಕರೆಂಟಿರಲಿಲ್ಲ. ಮಿಕ್ಸಿ, ಟಿವಿ, ಫ್ಯಾನು ಯಾವುದರ ಸದ್ದೂ ಇಲ್ಲದೆ ಇಡೀ ರಸ್ತೆ ಬೇರೆ ಊರಿನ ಹಾಗಿತ್ತು.

ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಹಾಡು ಕೇಳಿಸಿತು.

ಹಾಡಲ್ಲ, ಸರಳೆ. ಸಂಗೀತ ಕಲಿಯುವ ಮಕ್ಕಳು ಮೊಟ್ಟಮೊದಲು ಹೇಳುವ ಸರಿಗಮ. ಆದರೆ ಹಾಡುತ್ತಿದ್ದದ್ದು ಮಗುವಲ್ಲ. ಒರಟಾದ, ಒಡಕು ದನಿ. ಹೆಂಗಸಿನದೋ ಗಂಡಸಿನದೋ ಎಂದು ತಕ್ಷಣ ಹೇಳಲು ಬಾರದಂಥದ್ದು. ತುಂಬ ನಿಧಾನವಾಗಿ, ಒಂದೊಂದು ಸ್ವರವನ್ನೂ ಕೈಯಲ್ಲಿ ತಡವಿ ನೋಡಿ ಕಾಲಿಡುವ ಹಾಗೆ ಮೇಲಕ್ಕೆ ಹೋಗುತ್ತಿತ್ತು. ತೊಡೆಯ ಮೇಲೆ ತಾಳ ಹಾಕುವ ಸಪ್ಪಳ ಸ್ಪಷ್ಟವಾಗಿ ಬರುತ್ತಿತ್ತು. ಕೊನೆಯ ಸ್ವರವಾದ ನಿಷಾದದ ಹತ್ತಿರ ದನಿ ಒಡೆದು ಹೋಯಿತು. ಒಂದು ಕೆಮ್ಮು. ಗಂಟಲು ಸರಿಮಾಡಿಕೊಂಡ ಶಬ್ದ. ಮತ್ತೆ ಮೊದಲಿನಿಂದ. ಅದರ ಹಿಂದೆ ಶ್ರುತಿಪೆಟ್ಟಿಗೆಯ ಗುಂಯ್ ಎನ್ನುವ ನಾದ, ಆದರೆ ದಿನಾ ಕೇಳುವುದಕ್ಕಿಂತ ತಗ್ಗಿದ ಶ್ರುತಿಯಲ್ಲಿ, ನಿಧಾನಕ್ಕೆ ತಿರುಗುವ ಮೋಟರಿನ ಹಾಗೆ.

ಹೆದರಿದೆನೇ ಎಂದು ಕೇಳಿದರೆ, ಇಲ್ಲ. ಪಾಠದ ಮಗುವಿನ ತಾಯಿ ಯಾರಾದರೂ ಬಂದಿರಬೇಕು ಎಂದುಕೊಂಡೆ. ವನಜಾ ಯಾರಿಗಾದರೂ ಬೀಗದ ಕೈ ಕೊಟ್ಟಿದ್ದಾಳೇನೋ ಎಂದೂ ಅನ್ನಿಸಿತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದುದನ್ನು ನೋಡಿದೆ. ನೋಡಿಯೂ ಅದರ ಅರ್ಥ ತಲೆಗೆ ಹೋಗಲಿಲ್ಲ. ಬೀಗ ತೆಗೆದು ಒಳಗೆ ಕಾಲಿಟ್ಟೆ. ಸ್ವರ ನಡುವೆಯೇ ನಿಂತಿತು.

"ಬಂದ್ರಾ?" ಎಂದು ಒಳಗಿನಿಂದ ಆ ಒಡಕು ದನಿ ಕೇಳಿತು.

"ಹೂಂ," ಎಂದೆ. ಅಭ್ಯಾಸ. ಯೋಚನೆ ಮಾಡಿ ಹೇಳಿದ್ದಲ್ಲ.

ಹಾಲು ದಾಟಿ ಕೋಣೆಯ ಬಾಗಿಲಿಗೆ ಹೋದೆ. ಯಾರೂ ಇರಲಿಲ್ಲ. ಚಾಪೆ ಸುತ್ತಿ ಗೋಡೆಗೆ ಒರಗಿಸಿದ್ದು ಹಾಗೇ ಇತ್ತು. ಶ್ರುತಿಪೆಟ್ಟಿಗೆ ಶೆಲ್ಫಿನ ಮೇಲೆ, ವೈರು ಸುತ್ತಿ ಇಟ್ಟಿತ್ತು. ಅದು ಕರೆಂಟಿಗೆ ಹಾಕದೆ ನುಡಿಯುವ ಪೆಟ್ಟಿಗೆಯಲ್ಲ. ಅಡುಗೆಮನೆ, ಬಚ್ಚಲು, ಹಿಂದಿನ ಬಾಲ್ಕನಿ, ಮಂಚದ ಕೆಳಗೆ ಎಲ್ಲ ನೋಡಿದೆ. ಕಿಟಕಿಗಳ ಚಿಲಕ ಒಳಗಿನಿಂದಲೇ ಹಾಕಿತ್ತು. ಅಕ್ಕಪಕ್ಕದ ಮನೆಯಿಂದ ಬಂದಿರಬಹುದೇ ಎಂದು ಬಾಲ್ಕನಿಯಲ್ಲಿ ಕಿವಿಗೊಟ್ಟು ನಿಂತೆ. ದೂರದಲ್ಲಿ ಬಸ್ಸಿನ ಹಾರ್ನು ಬಿಟ್ಟರೆ ಏನೂ ಇಲ್ಲ.

ಆಗ ಮಾತ್ರ ಹೆದರಿಕೆಯಾಯಿತು. ಕೆಂಗೇರಿಗೆ ಫೋನ್ ಮಾಡಿದೆ. ವನಜಾಳೇ ಎತ್ತಿದಳು, ತನ್ನ ಎಂದಿನ ತಿಳಿಯಾದ ದನಿಯಲ್ಲಿ. "ಊಟ ಆಯ್ತಾ? ಯಾಕೆ ಒಂಥರಾ ಮಾತಾಡ್ತಾ ಇದೀರಿ?"

"ಏನಿಲ್ಲ, ಬಿಸಿಲು," ಎಂದೆ. ನಾಳೆ ಆಪರೇಷನ್ನಿಗೆ ಹೋಗುವವಳಿಗೆ ಇದನ್ನೆಲ್ಲ ಹೇಗೆ ಹೇಳುವುದು?

ರಿಪೋರ್ಟು, ಬಟ್ಟೆ ತೆಗೆದುಕೊಂಡು ಕೆಳಗಿಳಿದರೆ ರತ್ನಮ್ಮ ಗೇಟಿನ ಹತ್ತಿರ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಕೇಳುವ ಮುಂಚೆ ಅವರೇ ಮಾತು ತೆಗೆದರು.

"ಅಮ್ಮಾವ್ರು ಯಾವಾಗ ಬಂದ್ರು ಸಾರ್? ಬೆಳಗ್ಗಿಂದ ಇಲ್ಲೇ ಕೂತಿವ್ನಿ, ಹತ್ತಿದ್ದು ನೋಡ್ಲೇ ಇಲ್ಲ. ಪಾಪ, ಗಂಟ್ಲು ಶಾನೆ ಕಟ್ಕೊಂಡೈತೆ. ಸುಮ್ಕೆ ಮಲ್ಗೋಕ್ ಹೇಳಿ."

ಈ ಒಂದು ಮಾತು ಇಲ್ಲದಿದ್ದರೆ ನಾನು ಆ ಮಧ್ಯಾಹ್ನವನ್ನು ಬಿಸಿಲು, ನಿದ್ದೆಗೇಡು, ಭಯ ಎಂದು ಎಲ್ಲೋ ಒಂದು ಕಡೆ ಮಡಚಿ ಇಟ್ಟುಬಿಡುತ್ತಿದ್ದೆ. ಆದರೆ ಆಕೆಗೂ ಕೇಳಿಸಿತ್ತು.

ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ತಿಳಿದು ಎಲ್ಲರೂ ಸಮಾಧಾನದ ಉಸಿರು ಬಿಟ್ಟೆವು. ಆದರೆ ವನಜಾಳಿಗೆ ಮೊದಮೊದಲು ಪಿಸುಮಾತು ಬಿಟ್ಟು ಬೇರೇನೂ ಬರಲಿಲ್ಲ. ನಂದಿನಿ ಅಮ್ಮನ ಬಾಯಿಯ ಹತ್ತಿರ ಕಿವಿ ಹಿಡಿದು ಕೇಳಿಸಿಕೊಂಡು, ಅದನ್ನೇ ಗಟ್ಟಿಯಾಗಿ ನನಗೆ ಹೇಳುತ್ತಿದ್ದಳು. ಮಾತಿನ ಅಭ್ಯಾಸ ಮಾಡಿಸುವವರ ಹತ್ತಿರ ರಾಜಾಜಿನಗರಕ್ಕೆ ವಾರವಾರ ಕರೆದುಕೊಂಡು ಹೋದೆ. ನಿಧಾನಕ್ಕೆ ಪಿಸುಮಾತು ಮಾತಾಯಿತು, ಆದರೆ ಅದು ಒಣಗಿದ, ದಪ್ಪನೆಯ ಮಾತು. ಫೋನ್ ಎತ್ತಿದರೆ ಆ ಕಡೆಯವರು "ಸಾರ್" ಎನ್ನತೊಡಗಿದರು. ಅವಳು ಫೋನ್ ಎತ್ತುವುದನ್ನೇ ಬಿಟ್ಟಳು. ಹಾಡುತ್ತಿದ್ದ ಕೋಣೆ ನಂದಿನಿ ಓದುವ ಕೋಣೆಯಾಯಿತು. ಶ್ರುತಿಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದಳು. ನಾನು ಹೂಂ ಎಂದೆ, ಕೊಡಲಿಲ್ಲ.

ಆ ಮಧ್ಯಾಹ್ನ ಕೇಳಿದ್ದು ನನಗೆ ಆಗಾಗ ನೆನಪಾಗುತ್ತಿತ್ತು. ಅವಳ ಹೊಸ ದನಿಗೂ ಅದಕ್ಕೂ ಹೋಲಿಕೆ ಇದೆ ಎಂದು ಅನ್ನಿಸಿದಾಗಲೆಲ್ಲ ಆ ಯೋಚನೆಯನ್ನು ದೂಡಿಬಿಡುತ್ತಿದ್ದೆ. ಒಡಕು ದನಿಗಳೆಲ್ಲ ಒಂದೇ ಥರ ಇರುತ್ತವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೀಗೇ ಒಂದು ವರ್ಷದ ಮೇಲಾಯಿತು. ಒಂದು ಶನಿವಾರ ಕೆಲಸ ಬೇಗ ಮುಗಿಯಿತು. ನಂದಿನಿ ಗೆಳತಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನವೇ ಮನೆಗೆ ಬಂದು ಬೈಕ್ ನಿಲ್ಲಿಸಿ ಮೆಟ್ಟಿಲು ಹತ್ತತೊಡಗಿದೆ. ತಗ್ಗಿದ ಶ್ರುತಿಯ ಗುಂಯ್ ಎನ್ನುವ ನಾದ. ಸರಳೆ. ಆ ದನಿ.

ಕಾಲು ಅಲ್ಲೇ ನಿಂತುಹೋಯಿತು. ಅದೇ ನಿಧಾನ, ಅದೇ ತಾಳದ ಸಪ್ಪಳ. ನಿಷಾದದ ಹತ್ತಿರ ಒಡೆಯಿತು. ಕೆಮ್ಮು. ಗಂಟಲು ಸರಿಮಾಡಿಕೊಂಡದ್ದು. ಮತ್ತೆ ಮೊದಲಿನಿಂದ. ನನಗೆ ರಾಗ ಗೊತ್ತಿಲ್ಲದಿರಬಹುದು, ಆದರೆ ಒಮ್ಮೆ ಕೇಳಿದ ಯಂತ್ರದ ಶಬ್ದವನ್ನು ಮರೆಯುವವನಲ್ಲ. ಇದು ಹೋಲಿಕೆಯಾಗಿರಲಿಲ್ಲ, ಅದೇ ಆಗಿತ್ತು. ನಾನಿನ್ನೂ ಮೆಟ್ಟಿಲ ಮಧ್ಯದಲ್ಲೇ ಇದ್ದೆ, ಬಾಗಿಲು ಮುಟ್ಟಿರಲಿಲ್ಲ. ಸ್ವರ ನಡುವೆಯೇ ನಿಂತಿತು.

"ಬಂದ್ರಾ?" ಎಂದಳು ವನಜಾ, ಒಳಗಿನಿಂದ.

ಈ ಸಲ ನಾನು ಹೂಂ ಎನ್ನಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಆಮೇಲೆ ಮೇಲೆ ಹೋಗಿ ಬಾಗಿಲು ತೆಗೆದೆ. ಅವಳು ಹಾಲಿನ ನಡುವೆ ನಿಂತಿದ್ದಳು. ಕಣ್ಣು ತುಂಬಿತ್ತು.

"ಎಲ್ಲಿಗೆ ಹೋಗಿದ್ರಿ?" ಎಂದಳು.

"ಎಲ್ಲಿಗೆ? ಈಗ್ತಾನೆ ಬರ್ತಾ ಇದೀನಿ."

"ಸುಳ್ಳು ಹೇಳ್ಬೇಡಿ. ಆಗ್ಲೇ ಬಾಗಿಲು ತೆಗೆದ್ರಿ. ಬಂದ್ರಾ ಅಂದೆ. ಹೂಂ ಅಂದ್ರಿ. ರೂಮಿನ ಬಾಗಿಲ ತನಕ ಬಂದ ಹೆಜ್ಜೆ ಸದ್ದು ಕೇಳಿಸ್ತು ನಂಗೆ. ನಾಚಿಕೆ ಆಯ್ತು, ಈ ಕಡೆ ತಿರುಗದೆ ಹಾಗೇ ಕೂತೆ. ಆಮೇಲೆ ತಿರುಗಿ ನೋಡಿದ್ರೆ ನೀವಿಲ್ಲ." ಅವಳ ದನಿ ಇನ್ನಷ್ಟು ಒಡೆಯಿತು. "ಅಷ್ಟು ಕೆಟ್ಟದಾಗಿತ್ತಾ? ಕೇಳಕ್ಕಾಗ್ದೆ ಎದ್ದು ಹೋಗೋ ಅಷ್ಟು?"

ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತೆ. ಆ ಹೂಂ, ಆ ಹೆಜ್ಜೆ ಎಲ್ಲ ಆಪರೇಷನ್ನಿಗೆ ಮುಂಚಿನ ಆ ಮಧ್ಯಾಹ್ನದ್ದು ಎಂದು ಅವಳಿಗೆ ಹೇಗೆ ಹೇಳಲಿ? "ಎದ್ದು ಹೋಗ್ಲಿಲ್ಲ ಕಣೇ. ಕೇಳ್ತಾ ನಿಂತಿದ್ದೆ. ಪೂರ್ತಿ ಕೇಳ್ದೆ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಹಾಗಾದ್ರೆ ಕೂತ್ಕೊಳ್ಳಿ," ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ಆ ಮಧ್ಯಾಹ್ನ ಅವಳು ಮೇಲಿನ ಷಡ್ಜ ಮುಟ್ಟಲಿಲ್ಲ. ಆದರೆ ಮತ್ತೆ ಮತ್ತೆ ಹತ್ತಿದಳು.

ಈಗ ವನಜಾ ಪುಟ್ಟ ಮಕ್ಕಳಿಗೆ ಪಾಠ ಮಾಡುತ್ತಾಳೆ, ತಗ್ಗಿದ ಶ್ರುತಿಯಲ್ಲಿ. ಸಭೆಗಳಲ್ಲಿ ಹಾಡುವುದಿಲ್ಲ. ಈ ದನಿಗೂ ಒಂದು ಅಂದವಿದೆ ಎಂದು ನಂದಿನಿ ಹೇಳುತ್ತಾಳೆ, ನನಗೂ ಹೌದೆನ್ನಿಸುತ್ತದೆ.

ಎಲ್ಲವನ್ನೂ ಅವಳಿಗೆ ಹೇಳಿದ್ದು ತೀರ ಇತ್ತೀಚೆಗೆ, ಒಂದು ಭಾನುವಾರ ಕೆಂಗೇರಿಯಿಂದ ಮೆಟ್ರೋದಲ್ಲಿ ವಾಪಸು ಬರುವಾಗ. ಹೆದರುತ್ತಾಳೆ ಅಥವಾ ನಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಅಂದ್ರೆ, ಆಪರೇಷನ್‌ಗೆ ಮುಂಚೆನೇ ನೀವು ನನ್ನ ಈ ದನಿ ಕೇಳಿದ್ರಿ. ನಾನು ಮತ್ತೆ ಹಾಡ್ತೀನಿ ಅಂತ ನಿಮ್ಗೆ ಗೊತ್ತಿತ್ತು. ಆ ವರ್ಷವೆಲ್ಲ ನಾನು ಗೋಡೆ ನೋಡ್ಕೊಂಡು ಕೂತಿದ್ದಾಗ ಒಂದು ಮಾತು ಹೇಳ್ಬಾರ್ದಿತ್ತಾ?"

ಅದು ನೀನೇ ಎಂದು ನನಗೆ ಗೊತ್ತಿರಲಿಲ್ಲ ಎಂದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ಆ ದನಿ ಕೇಳಿದಾಗ ಹೂಂ ಎಂದವರು ನೀವೇ ತಾನೇ ಎಂದಳು. ನಾನೇ ಹೌದು. ಗೊತ್ತಿಲ್ಲದವರ ದನಿಯಾಗಿದ್ದರೆ, ಬೀಗ ಹಾಕಿದ ಮನೆಯೊಳಗಿನಿಂದ ಬಂದ ಆ ಮಾತಿಗೆ ನಾನು ಅಷ್ಟು ಸಲೀಸಾಗಿ ಉತ್ತರ ಕೊಟ್ಟದ್ದು ಹೇಗೆ?